ಡಗ್ಗಾ ಎಲ್ಲಿ ಹೋಯಿತು?

ಮೂರು ವರ್ಷದ ಹಿಂದೆ ಒಂದು ಖ್ಯಾಲು ಕಛೇರಿಯ ಧ್ವನಿಮುದ್ರಣದ ಬಗ್ಗೆ ಬರೆದಿದ್ದೆ. ಗಾಯನವನ್ನು ಮನಸಾರೆ ಮೆಚ್ಚಿಕೊಂಡು, ಕೊನೆಗೆ ತಬಲಾ ಸಾಥಿನ ಬಗ್ಗೆ ಒಂದು ಸಾಲು ಸೇರಿಸಿದ್ದೆ: ಬಲಗೈ ಚುರುಕಾಗಿದೆ, ಎಡಗೈ ನಿದ್ದೆ ಹೋಗಿದೆ. ಬರೆಯುವಾಗ ಆ ಸಾಲು ನನಗೆ ಬಹಳ ಹಿಡಿಸಿತ್ತು. ಓದಿದ ಇಬ್ಬರು ಗೆಳೆಯರೂ ಅದನ್ನೇ ಎತ್ತಿ ಹೇಳಿ ನಕ್ಕಿದ್ದರು.

ವಾರದ ಮೇಲೆ ತಬಲಾ ನುಡಿಸಿದವರಿಂದಲೇ ಮೆಸೇಜು ಬಂತು. ಧಾರವಾಡದ ಕಡೆಯವರು, ನನಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡವರು. ಸಿಟ್ಟಿನ ಸುಳಿವಿರಲಿಲ್ಲ. ‘ಸರ, ನೀವು ಇದನ್ನ ಯಾವುದರಾಗ ಕೇಳಿದ್ರಿ?’ ಅಷ್ಟೇ ಇತ್ತು.

ಲ್ಯಾಪ್‌ಟಾಪಿನಲ್ಲಿ ಕೇಳಿದ್ದೆ. ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಬೀನ್ಸ್ ಹೆಚ್ಚುತ್ತಾ. ಎರಡನೇ ಸಲ ಫೋನಿನಲ್ಲಿ. ಇದನ್ನು ಅವರಿಗೆ ಹೇಳುವ ಧೈರ್ಯ ಆಗಲಿಲ್ಲ. ‘ಮತ್ತೊಮ್ಮೆ ಕೇಳಿ ಬರೆಯುತ್ತೇನೆ ಸರ್’ ಎಂದು ಉತ್ತರಿಸಿ ತಪ್ಪಿಸಿಕೊಂಡೆ. ಮತ್ತೊಮ್ಮೆ ಕೇಳಿದ್ದೂ ಅದೇ ಲ್ಯಾಪ್‌ಟಾಪಿನಲ್ಲಿ. ಎಡಗೈ ಇನ್ನೂ ನಿದ್ದೆಯಲ್ಲೇ ಇತ್ತು.

ಕಡಿಮೆ ದುಡ್ಡಿನಲ್ಲಿ ಮನೆಗೊಂದು ಒಳ್ಳೆಯ ಹೈ-ಫೈ ಕಟ್ಟಿಕೊಳ್ಳಬೇಕು ಎಂಬ ಹಠ ಹುಟ್ಟಿದ್ದು ಆಗ. ಮಾಡಿಕೊಂಡದ್ದು ತಿಂಗಳಾನುಗಟ್ಟಲೆ ತಡವಾಗಿ. ಸಾಹಿತ್ಯದ ಪತ್ರಿಕೆಯಲ್ಲಿ ಸ್ಪೀಕರು-ಆಂಪ್ಲಿಫೈಯರುಗಳ ಮಾತೇಕೆ ಎಂದು ಕೇಳಬಹುದು. ಪುಟ ಹರಿದ, ಸಾಲು ಬಿಟ್ಟುಹೋದ ಪ್ರತಿಯನ್ನು ಓದಿ ಕಾದಂಬರಿಯ ವಿಮರ್ಶೆ ಬರೆದರೆ ನಾವು ಒಪ್ಪುವುದಿಲ್ಲ. ಪಾಠಾಂತರಕ್ಕಾಗಿ ಜಗಳವಾಡುವವರು ನಾವು. ಹಾಡಿನ ವಿಷಯದಲ್ಲಿ ಮಾತ್ರ ಯಾವ ಪ್ರತಿಯಿಂದ ಓದಿದಿರಿ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ನನ್ನನ್ನು ಕೇಳಿದ ಮೊದಲಿಗರು ಆ ತಬಲಾದವರು.

ಲ್ಯಾಪ್‌ಟಾಪಿನಲ್ಲಿ ನಿಜಕ್ಕೂ ಕಳೆದುಹೋಗುವುದೇನು? ತೀನ್‌ತಾಲದ ಹದಿನಾರು ಮಾತ್ರೆಯ ಠೇಕಾ ತೆಗೆದುಕೊಳ್ಳಿ. ಧಾ ಧಿನ್ ಧಿನ್ ಧಾ ಎಂದು ಎರಡು ಸಲ ಬರುತ್ತದೆ, ಮೂರನೆಯ ಭಾಗದಲ್ಲಿ ಧಾ ತಿನ್ ತಿನ್ ತಾ ಆಗುತ್ತದೆ, ನಾಲ್ಕನೆಯದು ತಾ ಧಿನ್ ಧಿನ್ ಧಾ. ‘ತಿನ್’ ಎನ್ನುವುದು ಬರಿಯ ಬಲಗೈ. ಅದರ ಜೊತೆಗೇ ಎಡಗೈ ಡಗ್ಗಾದ ಮೇಲೆ ಬಿದ್ದರೆ ಅದು ‘ಧಿನ್’. ಹತ್ತನೇ ಮಾತ್ರೆಯಿಂದ ಹದಿಮೂರರವರೆಗೆ ಡಗ್ಗಾ ಮೌನ, ಹದಿನಾಲ್ಕಕ್ಕೆ ಮರಳುತ್ತದೆ. ಆವರ್ತದಲ್ಲಿ ನಾವು ಎಲ್ಲಿದ್ದೇವೆ, ಸಮ್ ಎಷ್ಟು ದೂರ ಇದೆ ಎಂಬುದು ಕೇಳುಗನಿಗೆ ತಿಳಿಯುವುದು ಈ ಮೌನದಿಂದ. ಈಗ ಡಗ್ಗಾದ ಕೆಳಸ್ವರಗಳನ್ನೆಲ್ಲ ಅಳಿಸಿಬಿಡಿ. ಎಲ್ಲ ಧಾ-ಗಳೂ ತಾ ಆಗುತ್ತವೆ, ಎಲ್ಲ ಧಿನ್‌ಗಳೂ ತಿನ್. ‘ದಾರಿ’ಗೂ ‘ತಾರಿ’ಗೂ ವ್ಯತ್ಯಾಸವೇ ಕೇಳದ ಕಿವಿಯಿಂದ ಕನ್ನಡ ಕೇಳಿದ ಹಾಗೆ. ಖಾಲಿ ಎಂಬುದೇ ಇಲ್ಲದ ತಾಳ ಅದು. ನಾನು ಎಡಗೈಯ ಬಗ್ಗೆ ತೀರ್ಪು ಕೊಟ್ಟದ್ದು ಎಡಗೈಯನ್ನೇ ಕೇಳಿಸದ ಯಂತ್ರದ ಮುಂದೆ ಕೂತು.

ತಂಬೂರಿಯ ಕಥೆ ಬೇರೆ. ಗಂಡುದನಿಯ ಗಾಯಕರ ಷಡ್ಜ ಸುಮಾರು 139 ಹರ್ಟ್ಸ್ ಎಂದಿಟ್ಟುಕೊಂಡರೆ ತಂಬೂರಿಯ ಖರ್ಜದ ತಂತಿ ಅದರ ಅರ್ಧ, 69ರ ಆಸುಪಾಸು. ಫೋನಿನ ಸ್ಪೀಕರಿಗೆ ಅದು ಎಟಕುವ ಮಾತೇ ಇಲ್ಲ. ಆದರೂ ಫೋನಿನಲ್ಲಿ ನಮಗೆ ಖರ್ಜ ಕೇಳಿದಂತಾಗುತ್ತದೆ. ತಂತಿಯ ಮೇಲುಸ್ವರಗಳು ಮೂಲಸ್ವರದ ಎರಡು, ಮೂರು, ನಾಲ್ಕು, ಐದು ಪಟ್ಟಿನಲ್ಲಿ ಸಾಲಾಗಿ ಬರುವುದರಿಂದ, ಇಲ್ಲದ ಮೂಲಸ್ವರವನ್ನು ಮಿದುಳೇ ಊಹಿಸಿ ತುಂಬಿಕೊಡುತ್ತದೆ. ಆ ಐದನೇ ಪಟ್ಟಿನದೇ, ಯಾರೂ ಮೀಟದೆ ತಾನಾಗಿ ಮೂಡುವ ಗಾಂಧಾರ. ಆನಂದವರ್ಧನನಿಗೆ ಇದು ತಿಳಿದಿದ್ದರೆ ಒಂದು ಕಾರಿಕೆ ಬರೆಯುತ್ತಿದ್ದನೇನೋ. ಹೇಳದೆ ಹೊಳೆಯುವುದಕ್ಕೂ ಕಿವಿಗೆ ಬೀಳುವುದಕ್ಕೂ ‘ಧ್ವನಿ’ ಎಂಬ ಒಂದೇ ಮಾತನ್ನು ಇಟ್ಟುಕೊಂಡ ನಮ್ಮ ಕಾವ್ಯಮೀಮಾಂಸೆ ಇಲ್ಲಿ ಅಕ್ಷರಶಃ ಸರಿಯಾಗಿದೆ.

ಆದರೆ ಡಗ್ಗಾಕ್ಕೆ ಈ ಉಪಕಾರ ಸಿಗುವುದಿಲ್ಲ. ತಬಲಾದ ಬಲಭಾಗದ ಮೇಲುಸ್ವರಗಳು ತಂತಿಯ ಹಾಗೆ ಕ್ರಮವಾಗಿ ಹೊಂದುತ್ತವೆ ಎಂದು ಸಿ.ವಿ. ರಾಮನ್ 1920ರಲ್ಲೇ ‘ನೇಚರ್’ ಪತ್ರಿಕೆಯಲ್ಲಿ ಸಹಲೇಖಕರೊಬ್ಬರ ಜೊತೆ ಬರೆದಿದ್ದರು. ಚರ್ಮದ ನಡುವೆ ಇರುವ ಕರಣೆಯ ಕರಾಮತ್ತು ಅದು. ಡಗ್ಗಾದಲ್ಲಿ ಆ ಕರಣೆ ನಡುವೆ ಇರುವುದಿಲ್ಲ, ಒಂದು ಪಕ್ಕಕ್ಕೆ ಸರಿದಿರುತ್ತದೆ. ಮೇಲಾಗಿ ಅಂಗೈಯ ಬುಡದಿಂದ ಒತ್ತಿ ಸ್ವರವನ್ನು ಜಾರಿಸುತ್ತಾರೆ. ಕಿವಿ ಊಹಿಸಿ ತುಂಬಿಕೊಳ್ಳುವಂಥದ್ದಲ್ಲ ಅದು. ಸ್ಪೀಕರು ನುಡಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಹದಿನೈದು ಸಾವಿರದ ಮೇಲೆ ಒಂದು ರೂಪಾಯಿಯೂ ಇಲ್ಲ ಎಂದು ಮನೆಯಲ್ಲಿ ಒಪ್ಪಂದವಾಯಿತು. ಅಂಗಡಿಯ ಹೊಸ ಸೆಟ್ಟುಗಳಲ್ಲಿ ಈ ದುಡ್ಡಿಗೆ ಸಿಗುವುದು ಡಬ್ಬದಂಥ ವೂಫರಿನ ಜೊತೆ ಐದು ಪುಟ್ಟ ಸ್ಪೀಕರುಗಳು. ಸಿನಿಮಾದಲ್ಲಿ ಬಾಂಬು ಸಿಡಿಯುವುದಕ್ಕೆ ಬಹಳ ಚೆನ್ನ. ನಾನು ಎಸ್.ಪಿ. ರೋಡಿನ ದಾರಿ ಹಿಡಿದೆ. ಮೂರು ಶನಿವಾರ ಅಲೆದ ಮೇಲೆ ಒಂದು ಮಹಡಿಯ ರಿಪೇರಿ ಅಂಗಡಿಯಲ್ಲಿ ಕೋಲ್ಕತ್ತದ ಸೋನೋಡೈನ್ ಕಂಪನಿಯ ಹಳೇ ಜೋಡಿ ಸಿಕ್ಕಿತು. ಆರು ಇಂಚಿನ ವೂಫರು, ಮರದ ಪೆಟ್ಟಿಗೆ, ಒಂದರ ಮೂಲೆಯನ್ನು ಇಲಿ ಕಡಿದಿತ್ತು. ಅಂಗಡಿಯವರು ಕೋನಿನ ಸುತ್ತಲ ಫೋಮನ್ನು ಬೆರಳಿನಿಂದ ಮುಟ್ಟಿದರು, ಅದು ಒಣ ಕೇಕಿನಂತೆ ಉದುರಿತು. ‘ಕೋನ್ ಗಟ್ಟಿ ಇದೆ ಸಾರ್, ಫೋಮ್ ಹೋಗಿದೆ ಅಷ್ಟೆ. ಹೊಸದು ಹಾಕಿಕೊಡ್ತೀನಿ, ಇನ್ನು ಹದಿನೈದು ವರ್ಷ ಚಿಂತೆ ಇಲ್ಲ.’ ಜೋಡಿಗೆ 6,500, ಫೋಮಿಗೆ 1,200.

ದುಡ್ಡಿನ ಅರ್ಧಕ್ಕಿಂತ ಹೆಚ್ಚು ಸ್ಪೀಕರಿಗೇ ಸುರಿದದ್ದು ಬೇಕೆಂದೇ. ಇಡೀ ಸರಪಳಿಯಲ್ಲಿ ಅತಿ ಹೆಚ್ಚು ಸುಳ್ಳು ಹೇಳುವ ಕೊಂಡಿ ಅದು. ಆಂಪ್ಲಿಫೈಯರಿನ ಕಥೆ ಈಚೆಗೆ ಬಹಳ ಸುಲಭವಾಗಿದೆ: ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಒಂದು ಚಿಪ್ಪಿನ ಸುತ್ತ ಕಟ್ಟಿದ, ಅಂಗೈಯಗಲದ ಕ್ಲಾಸ್-ಡಿ ಪೆಟ್ಟಿಗೆ ನನಗೆ 3,200ಕ್ಕೆ ಸಿಕ್ಕಿತು. ಅದರ ಅಡಾಪ್ಟರಿಗೆ 700. ವ್ಯಾಟುಗಳ ಲೆಕ್ಕಕ್ಕೆ ಮರುಳಾಗಬೇಡಿ. 50 ವ್ಯಾಟಿನದು 25 ವ್ಯಾಟಿನದಕ್ಕಿಂತ ಎರಡು ಪಟ್ಟು ಜೋರಾಗಿರುವುದಿಲ್ಲ, ವ್ಯತ್ಯಾಸ ಬರೀ 3 ಡೆಸಿಬೆಲ್. ಹತ್ತು ಅಡಿಯ ಕೋಣೆಯಲ್ಲಿ ಖ್ಯಾಲು ಕೇಳುವಾಗ ಖರ್ಚಾಗುವುದು ಒಂದೆರಡು ವ್ಯಾಟು. ಲ್ಯಾಪ್‌ಟಾಪಿನಿಂದ ಹೊರಬರುವ ಅಂಕಿಗಳನ್ನು ನಾದವಾಗಿಸುವ ಬೆರಳುದ್ದದ ಡ್ಯಾಕ್ 900. ಸಾದಾ ತಾಮ್ರದ ವೈರು 400. ಸಾವಿರಾರು ರೂಪಾಯಿಯ ಕೇಬಲ್ಲುಗಳ ಬಗ್ಗೆ ಬರೆಯುವವರ ಭಾಷೆ ನಮ್ಮ ಬೆನ್ನುಡಿಗಳ ಭಾಷೆಯನ್ನೇ ಹೋಲುತ್ತದೆ: ಆರ್ದ್ರ, ಗಹನ, ಪಾರದರ್ಶಕ. ಕಣ್ಣು ಕಟ್ಟಿ ಕೇಳಿಸಿದರೆ ಆ ವಿಶೇಷಣಗಳಲ್ಲಿ ಎಷ್ಟು ಉಳಿಯುತ್ತವೆ ಎಂಬುದನ್ನು ಅವರು ಬರೆಯುವುದಿಲ್ಲ. ನಾವೂ ಲೇಖಕರ ಹೆಸರು ಮುಚ್ಚಿಟ್ಟು ಓದುವುದಿಲ್ಲ, ಆ ಮಾತು ಬೇರೆ.

ಸ್ಟ್ಯಾಂಡಿಗೆ ನಾಲ್ಕು ಸಿಮೆಂಟ್ ಬ್ಲಾಕು, ಎರಡು ತುಂಡು ಕಡಪ ಕಲ್ಲು, ಆಟೋ ಬಾಡಿಗೆ ಸೇರಿ 600. ಟ್ವೀಟರು ಕೂತವರ ಕಿವಿಯ ಮಟ್ಟಕ್ಕೆ ಬಂದರೆ ಸಾಕು. ಒಟ್ಟು 13,500.

ಆ ರಾತ್ರಿ ಜೋಡಿಸಿ, ಅದೇ ಮುದ್ರಣ ಹಾಕಿದೆ. ದನಿ ಬಂತು, ತಂಬೂರಿ ಬಂತು, ಬಲಗೈ ಗಾಜಿನಂತೆ ಸ್ಪಷ್ಟವಾಗಿ ಬಂತು. ಎಡಗೈ ಇಲ್ಲ! ನಿಜ ಹೇಳುತ್ತೇನೆ, ನನಗೆ ಒಳಗೊಳಗೇ ಖುಷಿಯಾಯಿತು. ಇಷ್ಟು ಖರ್ಚು ಮಾಡಿಯೂ ಕೇಳದಿದ್ದರೆ ನಾನು ಬರೆದದ್ದೇ ಸರಿ ಅಲ್ಲವೇ?

ಮರುದಿನ ಅಂಗಡಿಯವರಿಗೆ ಫೋನು ಮಾಡಿದೆ. ‘ವೈರು ಉಲ್ಟಾ ಹಾಕಿದೀರಾ ನೋಡಿ ಸಾರ್’ ಎಂದರು. ಗಡಿಯಾರದ ಒಂದೂವರೆ ವೋಲ್ಟಿನ ಸೆಲ್ಲನ್ನು ಸ್ಪೀಕರಿನ ತುದಿಗಳಿಗೆ ಒಂದು ಕ್ಷಣ ತಾಗಿಸಿದರೆ ಕೋನು ಮುಂದಕ್ಕೆ ಬರಬೇಕು. ಎಡದ್ದು ಮುಂದಕ್ಕೆ ಬಂತು, ಬಲದ್ದು ಹಿಂದಕ್ಕೆ ಹೋಯಿತು. ಒಂದು ಗಾಳಿಯನ್ನು ನೂಕುವಾಗ ಇನ್ನೊಂದು ಎಳೆಯುತ್ತಿದ್ದರೆ ಕೆಳಸ್ವರಗಳು ಒಂದನ್ನೊಂದು ನುಂಗಿಹಾಕುತ್ತವೆ. ಫೋಮು ಬದಲಿಸುವಾಗ ಒಳಗಿನ ತಂತಿ ಅದಲುಬದಲಾಗಿತ್ತು. ಕೆಂಪು-ಕಪ್ಪು ಬದಲಿಸಿ ಮತ್ತೆ ಹಾಕಿದೆ.

ವಿಲಂಬಿತದ ಮೂರನೇ ನಿಮಿಷದಲ್ಲಿ ಗಾಯಕರು ಮಂದ್ರಕ್ಕೆ ಇಳಿಯುತ್ತಾರೆ. ಡಗ್ಗಾ ಅವರ ಜೊತೆಗೇ ಇಳಿಯಿತು. ಬರಿಯ ಹೊಡೆತವಲ್ಲ, ಅಂಗೈ ಒತ್ತಿ ಸರಿಸಿದ ಮೀಂಡು, ಗಾಯಕರ ಸ್ವರ ಎಲ್ಲಿ ನಿಂತಿತೋ ಅದರ ಹತ್ತಿರಕ್ಕೆ ಬಂದು ಆರುವಂಥದ್ದು. ಇಡೀ ವಿಲಂಬಿತದುದ್ದಕ್ಕೂ ಆ ಎಡಗೈ ಗಾಯನವನ್ನು ಕೆಳಗಿನಿಂದ ಹಿಡಿದುಕೊಂಡಿತ್ತು. ನಾನು ಮೆಚ್ಚಿ ಬರೆದಿದ್ದ ಗಾಯನದ ‘ನೆಮ್ಮದಿ’ಯಲ್ಲಿ ಅರ್ಧ ಪಾಲು ಅದರದ್ದೇ. ಅಂದರೆ ಒಬ್ಬರಿಗೆ ಸಲ್ಲಬೇಕಾದ ಮೆಚ್ಚುಗೆಯನ್ನು ಇನ್ನೊಬ್ಬರಿಗೆ ಕೊಟ್ಟು, ಕೊಡಬೇಕಾದವರನ್ನು ಗೇಲಿ ಮಾಡಿದ್ದೆ.

ಆದರೂ ಕೋಣೆ ಇನ್ನೂ ಸುಳ್ಳು ಹೇಳುತ್ತಿತ್ತು. ಕೆಲವು ಹೊಡೆತಗಳು ಮಾತ್ರ ಊರಹಬ್ಬದ ಡೊಳ್ಳಿನಂತೆ ಗುಂ ಎನ್ನುತ್ತಿದ್ದವು. ಲೆಕ್ಕ ಹಾಕಿದರೆ, 12 ಅಡಿ ಉದ್ದದ ಕೋಣೆ ಸುಮಾರು 47 ಹರ್ಟ್ಸಿಗೆ ಮತ್ತು ಅದರ ಎರಡರಷ್ಟು 94ಕ್ಕೆ ತಾನೇ ಅನುರಣಿಸುತ್ತದೆ. ಡಗ್ಗಾದ ಮೀಂಡು 94ರ ಹತ್ತಿರ ಹಾಯುವಾಗಲೆಲ್ಲ ಕೋಣೆಯೂ ಸಾಥ್ ಕೊಡುತ್ತಿತ್ತು. ಗೋಡೆಗೊರಗಿ ಕೂತರೆ ಇದು ಅತಿ ಹೆಚ್ಚು, ನನ್ನ ಕುರ್ಚಿ ಇದ್ದದ್ದು ಅಲ್ಲೇ. ಕುರ್ಚಿಯನ್ನು ಮೂರಡಿ ಮುಂದೆ ತಂದೆ, ಸ್ಪೀಕರುಗಳನ್ನು ಮೂಲೆಯಿಂದ ಬಿಡಿಸಿ ಗೋಡೆಯಿಂದ ಒಂದೂವರೆ ಅಡಿ ಈಚೆಗೆ ಇಟ್ಟೆ. ಪಕ್ಕದ ಬೋಳುಗೋಡೆಗೆ ಪುಸ್ತಕದ ಕಪಾಟು ಸರಿಸಿದೆ. ಮೇಲಿನ ಸ್ವರಗಳ ಪ್ರತಿಫಲನವನ್ನು ಪುಸ್ತಕಗಳು ಚದುರಿಸುತ್ತವೆ, ಏಕೆಂದರೆ ಅವುಗಳ ಎತ್ತರ, ದಪ್ಪ ಒಂದರಂತೆ ಒಂದಿರುವುದಿಲ್ಲ. ಸಮಗ್ರ ಸಂಪುಟಗಳು ಈ ಕೆಲಸಕ್ಕೆ ಬಾರವು, ಎಲ್ಲ ಒಂದೇ ಅಳತೆ. ಈ ಸರಿಸಾಟಕ್ಕೆ ಒಂದು ಪೈಸೆ ಖರ್ಚಿಲ್ಲ, ಆದರೆ ಆದ ಲಾಭ ಆಂಪ್ಲಿಫೈಯರಿಗಿಂತ ದೊಡ್ಡದು. ವಿದ್ಯಾರ್ಥಿಗಳು ಹಾಸ್ಟೆಲಿನ ಕೋಣೆಯಲ್ಲಿ, ಇರುವ ಸ್ಪೀಕರಿನಲ್ಲೇ ಇದನ್ನು ಮಾಡಿ ನೋಡಬಹುದು.

ಇನ್ನೊಂದು ಕಾಟ ರಾತ್ರಿಯದು. ಮೇಲಿನ ಮನೆಯವರಿಗಾಗಿ ದನಿ ತಗ್ಗಿಸಿದರೆ ಡಗ್ಗಾ ಮತ್ತೆ ಮಾಯ. ಇದು ಸ್ಪೀಕರಿನ ತಪ್ಪಲ್ಲ, ಕಿವಿಯದ್ದು. ದನಿ ಸಣ್ಣದಾದಂತೆ ನಮ್ಮ ಕಿವಿ ಕೆಳಸ್ವರಗಳನ್ನು ಹೆಚ್ಚು ಹೆಚ್ಚಾಗಿ ಕಳೆದುಕೊಳ್ಳುತ್ತದೆ ಎಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದರು. ಹಳೇ ಆಂಪ್ಲಿಫೈಯರುಗಳಲ್ಲಿ ‘ಲೌಡ್‌ನೆಸ್’ ಎಂಬ ಗುಂಡಿ ಇರುತ್ತಿದ್ದದ್ದು ಇದಕ್ಕೇ. ಬರೆಯಬೇಕಾದ ಮುದ್ರಣಗಳನ್ನು ಈಗ ಭಾನುವಾರ ಬೆಳಿಗ್ಗೆ ಹತ್ತರ ಮೇಲೆ ಮಾತ್ರ ಕೇಳುತ್ತೇನೆ.

ಹೈ-ಫೈ ಅಂದರೆ ಹೈ ಫಿಡೆಲಿಟಿ, ನಿಷ್ಠೆ. ಯಾರಿಗೆ? ಕಛೇರಿಗೋ, ಮೈಕು ಇಟ್ಟವರಿಗೋ, ಆಮೇಲೆ ಮಿಕ್ಸ್ ಮಾಡಿದವರಿಗೋ? ಕಲ್ಕತ್ತದಲ್ಲಿ 1902ರಲ್ಲಿ ಗೌಹರ್ ಜಾನ್ ಹಾಡಿದ್ದು ತಗಡಿನ ಕೊಳವೆಯ ಬಾಯಿಗೆ. ವಿದ್ಯುತ್ ಮೈಕು ಬಂದದ್ದು 1925ರ ನಂತರ. ಅದಕ್ಕೆ ಹಿಂದಿನ ತಟ್ಟೆಗಳಲ್ಲಿ ಕೆಳಸ್ವರ ಮುದ್ರಣವಾಗಿಯೇ ಇಲ್ಲ, ನನ್ನ ಸೋನೋಡೈನ್ ಅಲ್ಲಿ ಮಾಡುವುದೇನೂ ಉಳಿದಿಲ್ಲ. 1937ರಲ್ಲಿ ತೀರಿಕೊಂಡ ಅಬ್ದುಲ್ ಕರೀಂ ಖಾನರ, ಕುಂದಗೋಳದ ಸವಾಯಿ ಗಂಧರ್ವರ ಗುರುಗಳ, ಮೂರು ಮೂರೂವರೆ ನಿಮಿಷದ ತಟ್ಟೆಗಳನ್ನು ಹೊಸ ಸೆಟ್ಟಿನಲ್ಲಿ ಹಾಕಿದಾಗ ಚರಪರ ಸದ್ದು ಹೆಚ್ಚು ಕೇಳಿತು, ಸ್ವರ ಫೋನಿನಲ್ಲಿ ಎಷ್ಟು ಹತ್ತಿರವಿತ್ತೋ ಅಷ್ಟೇ ಹತ್ತಿರ. ಅಲ್ಲಿ ಕೇಳುಗನೇ ತುಂಬಿಕೊಳ್ಳಬೇಕು, ತುಂಬಿಕೊಳ್ಳಬಲ್ಲ. ಒಳ್ಳೆಯ ಯಂತ್ರವಿಲ್ಲದೆ ಸಂಗೀತವೇ ದಕ್ಕದು ಎನ್ನುವವರ ಜೊತೆ ನನ್ನ ಜಗಳ ಇರುವುದು ಇಲ್ಲಿ. ಟ್ರಾನ್ಸಿಸ್ಟರ್ ರೇಡಿಯೋದಲ್ಲಿ ಮನ್ಸೂರರನ್ನು ಕೇಳಿ ಕಣ್ಣೊರೆಸಿಕೊಂಡ ನಮ್ಮ ಸೋದರಮಾವನಿಗೆ ಯಾವ ಕೊರತೆಯೂ ಆಗಿರಲಿಲ್ಲ. ಆದರೆ ಮಾವ ಸಾಥಿಯ ಎಡಗೈ ಬಗ್ಗೆ ಪತ್ರಿಕೆಯಲ್ಲಿ ಬರೆಯಲು ಹೋಗಿರಲಿಲ್ಲ.

ತಬಲಾದವರಿಗೆ ಉದ್ದನೆಯ ಪತ್ರ ಬರೆದೆ, ಬೀನ್ಸ್ ಹೆಚ್ಚಿದ್ದನ್ನೂ ಬಿಡದೆ. ವಿಮರ್ಶೆಯ ಆ ಸಾಲನ್ನು ತೆಗೆಸಲಿಲ್ಲ, ಅದರ ಕೆಳಗೆ ಇದು ತಪ್ಪು, ಯಾಕೆ ತಪ್ಪು ಎಂದು ಸೇರಿಸಿದೆ. ದ್ರುತದಲ್ಲಿ ತಿಹಾಯಿಗಳು ಹೆಚ್ಚಾದವು, ಗಾಯಕರ ತಾನಿಗೆ ಅಡ್ಡ ಬಂದವು ಎಂಬ ಇನ್ನೊಂದು ಮಾತು ಹೊಸ ಸೆಟ್ಟಿನಲ್ಲೂ ನಿಜವೇ ಅನ್ನಿಸಿತು, ಅದನ್ನು ಹಾಗೇ ಉಳಿಸಿದೆ. ಅವರು ಬರೆದರು: ‘ತಿಹಾಯಿ ಬಗ್ಗೆ ನಮ್ಮ ಮನ್ಯಾಗೂ ಹಂಗ ಅಂತಾರ್ರೀ. ಸ್ಪೀಕರ್ ಎಷ್ಟಕ್ಕ ಬಿತ್ತು?’

ನಾನು ಬರೆದ ಇಂಥ ಧ್ವನಿಮುದ್ರಣ ವಿಮರ್ಶೆಗಳು ಒಟ್ಟು 31. ಒಂದೊಂದಾಗಿ ಮತ್ತೆ ಕೇಳುತ್ತಿದ್ದೇನೆ, ಒಂಬತ್ತು ಮುಗಿದಿವೆ. ಅವುಗಳಲ್ಲಿ ಎರಡು ತಪ್ಪು. ಒಂದು ಮೇಲೆ ಹೇಳಿದ್ದು. ಇನ್ನೊಂದು ಭಾವಗೀತೆಗಳ ಸಂಕಲನ. ‘ಮಾತು ಮಾತೂ ಸ್ಫುಟವಾಗಿ ಕೇಳುವ ಸಂಯೋಜನೆ’ ಎಂದು ಹಾಡಿ ಹೊಗಳಿದ್ದೆ. ಈಗ ಕೇಳಿದರೆ ಕೀಬೋರ್ಡಿನ ಮಂದ್ರ ಶ್ರುತಿಯೊಂದು ಎಲ್ಲ ಹಾಡುಗಳ ಅಡಿಯಲ್ಲೂ ಬಿಡದೆ ಮೊರೆಯುತ್ತದೆ, ಕವಿತೆಯ ಸಾಲಿನ ಕೊನೆಯ ಅಕ್ಷರಗಳೆಲ್ಲ ಅದರೊಳಗೆ ಮುಳುಗಿಹೋಗಿವೆ. ಲ್ಯಾಪ್‌ಟಾಪು ಆ ಮೊರೆತವನ್ನು ಪೂರ್ತಿ ಅಳಿಸಿ, ಕವಿತೆಯನ್ನಷ್ಟೇ ನನಗೆ ಕೇಳಿಸಿತ್ತು. ಇದರ ತಿದ್ದುಪಡಿ ಹೇಗೆ ಬರೆಯುವುದೆಂದು ಇನ್ನೂ ಹೊಳೆದಿಲ್ಲ. ಹೊಗಳಿಸಿಕೊಂಡವರು ಯಾವುದರಲ್ಲಿ ಕೇಳಿದಿರಿ ಎಂದು ಕೇಳಿಲ್ಲ.