ಹೊಸ ಒಡೆಯ, ಹಳೆಯ ಋಣ: ದೆವ್ವದ ಮನೆಯ ಕಥನಗಳನ್ನು ಕುರಿತು

ದೆವ್ವದ ಮನೆಯ ಕಥೆಗಳ ಚರ್ಚೆ ಸಾಮಾನ್ಯವಾಗಿ ದೆವ್ವ ನಿಜವೋ ಭ್ರಮೆಯೋ ಎಂಬಲ್ಲಿಗೇ ನಿಲ್ಲುತ್ತದೆ. ಇದಕ್ಕಿಂತ ಮುಖ್ಯವಾದ ಪ್ರಶ್ನೆಯೊಂದಿದೆ: ಹೊಸದಾಗಿ ಬಂದವನು ಆ ಮನೆಯನ್ನು ಪ್ರವೇಶಿಸಿದ್ದು ಯಾವ ಹಕ್ಕಿನಿಂದ? ಪಿತ್ರಾರ್ಜಿತವಾಗಿಯೋ, ಕ್ರಯದಿಂದಲೋ, ಅಧಿಕಾರಬಲದಿಂದಲೋ? ಈ ಭೇದವು ಕಥೆಯ ನೈತಿಕ ಸ್ವರೂಪವನ್ನೇ ಬದಲಿಸುತ್ತದೆ ಎಂಬುದು ಪ್ರಸ್ತುತ ಟಿಪ್ಪಣಿಯ ಪ್ರತಿಪಾದನೆ.

ಮಧ್ಯಕಾಲೀನ ಶಾಸನಗಳ ಅಭ್ಯಾಸಿಗಳಿಗೆ ಈ ಪ್ರಶ್ನೆ ಹೊಸದಲ್ಲ. ದತ್ತಿಶಾಸನಗಳ ಕೊನೆಯಲ್ಲಿ ಬರುವ ಶಾಪಾಶಯವು, ತಾನಿತ್ತ ಅಥವಾ ಪರರಿತ್ತ ಭೂಮಿಯನ್ನು ಅಪಹರಿಸಿದವನು ಅರುವತ್ತು ಸಾವಿರ ವರ್ಷ ಕ್ರಿಮಿಯಾಗಿ ಹುಟ್ಟುವನೆಂದು ಎಚ್ಚರಿಸುತ್ತದೆ. ಅದರ ಗುರಿ ಮುಂದೆಂದೋ ಬರಲಿರುವ, ಇನ್ನೂ ಹೆಸರಿಲ್ಲದ ಒಡೆಯ. ಅಲ್ಲಿ ಕಲ್ಲು ಮಾಡುವ ಕಾರ್ಯವನ್ನು ಕಥೆಯಲ್ಲಿ ದೆವ್ವ ಮಾಡುತ್ತದೆ.

ಫಾಜಿಲ್ ನಿರ್ದೇಶನದ ಮಲಯಾಳಂ ಚಿತ್ರ 'ಮಣಿಚಿತ್ರತಾಳ್' (1993) ಪಿ. ವಾಸು ಅವರಿಂದ ಕನ್ನಡದಲ್ಲಿ 'ಆಪ್ತಮಿತ್ರ' (2004) ಆದಾಗ ನಡೆದ ಮಾರ್ಪಾಡು ಈ ದೃಷ್ಟಿಯಿಂದ ಗಮನಾರ್ಹ. ಮೂಲದಲ್ಲಿ ನಾಯಕ ತನ್ನ ಪೂರ್ವಜರ ಮನೆಗೆ ಮರಳುತ್ತಾನೆ; ಕನ್ನಡದಲ್ಲಿ ಮೈಸೂರಿನ ಹಳೆಯ ಅರಮನೆಯಂಥ ಮನೆಯನ್ನು ಕೊಳ್ಳುತ್ತಾನೆ. ಮೂಲದಲ್ಲಿ ನಾಗವಲ್ಲಿಯ ಸೇಡು ಕೊಂದವನ ವಂಶಜನತ್ತ ತಿರುಗುವುದಕ್ಕೆ ರಕ್ತಸಂಬಂಧದ ತರ್ಕವಿದೆ. ಕನ್ನಡದಲ್ಲಿ ಹಣ ಕೊಟ್ಟು ಬಂದ ರಮೇಶನಿಗೆ ಹಳೆಯ ರಾಜನೊಡನೆ ಯಾವ ನಂಟೂ ಇಲ್ಲ. ಆದರೂ ರಾಜನ ಸ್ಥಾನದಲ್ಲಿ ಅವನೇ ನಿಲ್ಲಬೇಕಾಗುತ್ತದೆ. ಅಂದರೆ ಋಣವು ರಕ್ತದ ಮೂಲಕವಲ್ಲ, ಒಡೆತನದ ಮೂಲಕ ಹರಿದುಬರುತ್ತದೆ. ಇದು ಶಾಸನದ ತರ್ಕವೇ. ಆದರೆ ಚಿತ್ರ ತಾನೆತ್ತಿದ ಪ್ರಶ್ನೆಯಿಂದ ಜಾರಿಕೊಳ್ಳುತ್ತದೆ. ಬದಲಿ ಬೊಂಬೆಯೊಂದು ನಾಗವಲ್ಲಿಯ ಸೇಡಿಗೆ ಬಲಿಯಾಗಿ, ಗಂಗೆ ಗುಣಮುಖಳಾಗುತ್ತಾಳೆ. ಕ್ರಯಪತ್ರ ಮಾತ್ರ ಅಬಾಧಿತ. ರೋಗ ತೀರಿತು, ಋಣ ತೀರಲಿಲ್ಲ.

ಈ ಕಥೆ 2005ರಲ್ಲಿ 'ರಾಜಮಹಲ್' ಎಂಬ ಹೆಸರಿನಿಂದ ಬಂಗಾಳಿಯನ್ನೂ ತಲುಪಿತು. ಬಂಗಾಳದಲ್ಲಿ ಈ ಬಗೆಯ ಕಥನಕ್ಕೆ ಹಿರಿಯ ಪರಂಪರೆಯಿದೆ. ರವೀಂದ್ರನಾಥರ 'ಕ್ಷುಧಿತ ಪಾಷಾಣ' (1895)ದಲ್ಲಿ ಪಾಳುಅರಮನೆಗೆ ಬರುವವನು ಸುಂಕದ ಅಧಿಕಾರಿ, ಒಡೆಯನಲ್ಲ. ಆದ್ದರಿಂದಲೇ ಅರಮನೆ ಅವನನ್ನು ಮೋಹಿಸುತ್ತದೆಯೇ ಹೊರತು ಅವನಿಂದ ಲೆಕ್ಕ ಕೇಳುವುದಿಲ್ಲ. ಅನೀಕ್ ದತ್ತರ 'ಭೂತೇರ್ ಭವಿಷ್ಯತ್' (2012) ಚಿತ್ರದಲ್ಲಿ ಬರುವವನು ಹಳೆಯ ಮನೆಯನ್ನು ಕೆಡವಿ ಹೊಸದನ್ನು ಕಟ್ಟಬಯಸುವ ಉದ್ಯಮಿ. ಅಲ್ಲಿ ನಿರಾಶ್ರಿತರಾಗುವ ಭೀತಿ ದೆವ್ವಗಳದೇ. 'ಆಪ್ತಮಿತ್ರ' ಮುಚ್ಚಿಟ್ಟ ಹಕ್ಕಿನ ಪ್ರಶ್ನೆಯನ್ನು ಈ ಚಿತ್ರ ನಗೆಯ ಮರೆಯಲ್ಲಿ ನೇರವಾಗಿಯೇ ಎತ್ತುತ್ತದೆ.

ಇದೇ ಪ್ರಶ್ನೆಯನ್ನು ಕೋಲ್ಕತ್ತದ ಪೂರ್ವದಂಚಿನ ನ್ಯೂ ಟೌನ್‌ಗೆ ಅನ್ವಯಿಸಿ ನೋಡಬಹುದು. 1990ರ ದಶಕದ ಕೊನೆಯಿಂದ ರಾಜಾರಹಾಟ್‌ನ ಗದ್ದೆ, ಕೆರೆಗಳಿದ್ದ ನೆಲವನ್ನು ಸರಕಾರ 1894ರ ಭೂಸ್ವಾಧೀನ ಕಾಯಿದೆಯಡಿ ಪಡೆದು ಈ ನಗರವನ್ನು ನಿರ್ಮಿಸಿತು. ಇಲ್ಲಿನ ಹೊಸ ಗೋಡೆಗಳೊಳಗೆ ಸತ್ತ ರಾಜರಿಲ್ಲ, ನರ್ತಕಿಯರಿಲ್ಲ. ಮನೆಗೆ ಪೂರ್ವದ ಒಡೆಯನಿಲ್ಲದಿದ್ದರೂ ನೆಲಕ್ಕೆ ಇದ್ದನು. ಉತ್ತ ನೆಲವನ್ನು ಬಿಟ್ಟುಕೊಟ್ಟ ರೈತರಲ್ಲಿ ಅನೇಕರು ಇನ್ನೂ ಬದುಕಿದ್ದಾರೆ. ಲೆಕ್ಕ ಕೇಳಬೇಕಾದವರು ಜೀವಂತವಾಗಿರುವಾಗ ಅವರ ಹಕ್ಕನ್ನು ಮಂತ್ರವಾದಿಯಾಗಲಿ ಮನೋವೈದ್ಯನಾಗಲಿ ಉಚ್ಚಾಟಿಸಲಾರನು. ಬೆಂಗಳೂರಿನ ಸುತ್ತಣ ಹೊಸ ಬಡಾವಣೆಗಳ ವಿಷಯದಲ್ಲಿಯೂ ಈ ಮಾತು ಸಲ್ಲುತ್ತದೆ. ಹೊಸ ಮನೆಯ ಕಥೆ ಬರೆಯುವ ಕನ್ನಡ ಲೇಖಕನು ಬೊಂಬೆಯ ಉಪಾಯವನ್ನು ಬಿಟ್ಟು ಶಾಪಾಶಯದ ನಿಷ್ಠುರತೆಯನ್ನು ಅರಗಿಸಿಕೊಂಡಾಗ ಮಾತ್ರ ಈ ಪ್ರಕಾರಕ್ಕೆ ಗಾಂಭೀರ್ಯ ಒದಗೀತು.