ಅಬ್ದುಲ್ಲಾನ ಕತೆ, ಸತುವಿನ ಸಾಕ್ಷಿ

ಕಪ್ಪು ಲೋಹದ ಪಾತ್ರೆಯ ಮೇಲೆ ಬೆಳ್ಳಿ ಕೂರಿಸುವ ಬಿದರಿ ಕಲೆ ಹೇಗೆ ಹುಟ್ಟಿತೆಂದು ಬೀದರಿನಲ್ಲಿ ಯಾರನ್ನು ಕೇಳಿದರೂ ಮೊದಲು ಬರುವ ಹೆಸರು ಅಬ್ದುಲ್ಲಾ ಬಿನ್ ಕೈಸರ್. ಇರಾನಿನಿಂದ ಬಂದವನು, ಬಹಮನಿ ಸುಲ್ತಾನ ಅಹಮದ್ ಷಾ ಕರೆಸಿಕೊಂಡವನು, ಅರಮನೆಯನ್ನು ಸಿಂಗರಿಸಿ ಊರಿನವರಿಗೆ ಕೆಲಸ ಕಲಿಸಿದವನು. ಭಾಲ್ಕಿಯ ಸಭೆಯಲ್ಲಿ ಅತಿಥಿಯ ಕೈಗೆ ಬಿದರಿ ಹೂದಾನಿ ಇಡುವಾಗ ನಿರೂಪಕರು ಹೇಳುವುದೂ ಇದನ್ನೇ, ಔರಾದಿನ ಶಾಲಾ ಮಕ್ಕಳು ಪ್ರಬಂಧದಲ್ಲಿ ಬರೆಯುವುದೂ ಇದನ್ನೇ. ನಮ್ಮ ಜಿಲ್ಲೆಯ ಹೆಸರನ್ನು ಲೋಕಕ್ಕೆ ಮುಟ್ಟಿಸಿದ ಕಲೆ ಇದು. ಅದರ ಮೂಲದ ಬಗ್ಗೆ ನಾವು ಹೇಳುವ ಮಾತು ಪರೀಕ್ಷೆಗೆ ನಿಲ್ಲಬೇಕು ಎಂಬ ಕಾಳಜಿಯಿಂದ ಇದನ್ನು ಬರೆಯುತ್ತಿದ್ದೇನೆ.

ಕತೆ ಒಂದೇ ಇಲ್ಲ. ಇನ್ನೊಂದು ರೂಪದಲ್ಲಿ ಇದೇ ಅಬ್ದುಲ್ಲಾ ಹಿಂದೂಸ್ತಾನಕ್ಕೆ ಬಂದದ್ದು ಅಜ್ಮೀರಿನ ಖ್ವಾಜಾ ಮೊಯಿನುದ್ದೀನ್ ಚಿಶ್ತಿಯವರ ಜೊತೆಯಲ್ಲಿ. ಖ್ವಾಜಾ ತೀರಿಕೊಂಡದ್ದು 1236ರಲ್ಲಿ. ಬಹಮನಿಗಳು ಕಲಬುರಗಿ ಬಿಟ್ಟು ಬೀದರಿಗೆ ರಾಜಧಾನಿ ತಂದದ್ದು 15ನೇ ಶತಮಾನದಲ್ಲಿ, ಅಹಮದ್ ಷಾನ ಕಾಲಕ್ಕೆ. ನಡುವೆ ಸುಮಾರು ಇನ್ನೂರು ವರ್ಷಗಳ ಅಂತರ. ಮೂರನೆಯ ಕತೆ 19ನೇ ಶತಮಾನದ ಇಂಗ್ಲಿಷ್ ಬರಹಗಳಲ್ಲಿ ಸಿಗುತ್ತದೆ: ಬೀದರಿನ ಹಿಂದೂ ಅರಸನೊಬ್ಬ ಮನೆದೇವರಿಗೆ ಹೂವು, ನೈವೇದ್ಯ ಇಡಲು ಈ ಪಾತ್ರೆ ಮಾಡಿಸಿದ, ಮುಂದೆ ಬಂದ ಮುಸಲ್ಮಾನ ದೊರೆಗಳು ಅದನ್ನು ಬೆಳೆಸಿದರು. ಮೂರು ಕತೆಗಳೂ ಕಲೆಯನ್ನು ಒಬ್ಬ ರಾಜನಿಗೋ ಒಬ್ಬ ಸಂತನಿಗೋ ಒಪ್ಪಿಸುತ್ತವೆ. ನನ್ನ ತಕರಾರು ಇರುವುದು ಇಲ್ಲೇ. ಪಾತ್ರೆಗಳನ್ನೇ ಸಾಕ್ಷಿಯಾಗಿ ಕರೆದರೆ ಅವು ಬೇರೆಯದನ್ನೇ ಹೇಳುತ್ತವೆ.

ಮೊದಲು ಹುಕ್ಕಾ. ಬಿದರಿಯಲ್ಲಿ ಅತಿ ಪ್ರಸಿದ್ಧವಾದದ್ದು ಹುಕ್ಕಾದ ತಳದ ನೀರಿನ ಪಾತ್ರೆ. ದೊಡ್ಡ ಮ್ಯೂಸಿಯಂಗಳೆಲ್ಲ ಹೆಮ್ಮೆಯಿಂದ ಇಟ್ಟಿರುವುದು ಅದನ್ನೇ. ಹುಕ್ಕಾ ಬೇಕಾದರೆ ತಂಬಾಕು ಬೇಕು, ತಂಬಾಕು ಅಮೆರಿಕ ಖಂಡದ ಗಿಡ. ಪೋರ್ಚುಗೀಸರ ಮೂಲಕ ದಖ್ಖನಿಗೆ ಬಂತು. 1604ರ ಸುಮಾರಿಗೆ ಮೊಗಲ್ ದೂತ ಅಸದ್ ಬೇಗ್ ಅದನ್ನು ಬಿಜಾಪುರದಿಂದ ಅಕ್ಬರನ ಆಸ್ಥಾನಕ್ಕೆ ಒಯ್ದಾಗ ಅಲ್ಲಿಯವರಿಗೆ ಅದು ಹೊಸ ವಸ್ತು. ಬಹಮನಿ ಆಳ್ವಿಕೆ 16ನೇ ಶತಮಾನದ ಮೊದಲರ್ಧದಲ್ಲೇ ಮುಗಿದಿತ್ತು. ಹಾಗಾಗಿ ‘ಬಹಮನಿ ಕಾಲದ ಬಿದರಿ ಹುಕ್ಕಾ’ ಎಂಬ ವಸ್ತು ಇರಲು ಸಾಧ್ಯವೇ ಇಲ್ಲ. ಆ ಚೀಟಿ ಅಂಟಿಸಿ ಯಾರಾದರೂ ಮಾರಲು ಬಂದರೆ ಚೀಟಿ ಸುಳ್ಳು. ಪಾತ್ರೆ ಚೆನ್ನಾಗಿದ್ದರೂ ಇರಬಹುದು. ಅದರ ಆಕಾರ ನೋಡಿಯೇ ಕಾಲವನ್ನು ಅಂದಾಜು ಮಾಡಬಹುದು: ಗುಂಡಗೆ ಚೆಂಡಿನಂತಿದ್ದು, ಉರುಳದಿರಲೆಂದು ಕೆಳಗೆ ಸಿಂಬಿ ಬೇಡುವಂಥವು 17ನೇ ಶತಮಾನದವು, ತಳ ಅಗಲವಾಗಿ ಗಂಟೆಯ ಆಕಾರಕ್ಕೆ ಇಳಿದವು 18ನೇ ಶತಮಾನದವು. ಇಂದು ಉಳಿದಿರುವ ಬಿದರಿಯಲ್ಲಿ ಅತಿ ಹಳೆಯವೆಂದು ವಿದ್ವಾಂಸರು ಎಣಿಸುವವೂ 17ನೇ ಶತಮಾನಕ್ಕಿಂತ ಹಿಂದಕ್ಕೆ ಹೋಗುವುದು ಕಷ್ಟ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ಸಂಗ್ರಹ ಕುರಿತು ಸೂಸನ್ ಸ್ಟ್ರಾಂಜ್ 1985ರಲ್ಲಿ ಹೊರತಂದ ಕ್ಯಾಟಲಾಗನ್ನು ನಮ್ಮ ಜಿಲ್ಲೆಯ ಪ್ರತಿ ಗ್ರಂಥಾಲಯವೂ ಇಟ್ಟುಕೊಳ್ಳಬೇಕಿತ್ತು.

ಎರಡನೆಯ ಸಾಕ್ಷಿ ಲೋಹ. ಬಿದರಿ ಪಾತ್ರೆಯ ಒಡಲು ಬಹುಪಾಲು ಸತು, ತಾಮ್ರ ಸ್ವಲ್ಪವೇ. ಇಂದಿನ ಕುಶಲಕರ್ಮಿಗಳು ಸಾಮಾನ್ಯವಾಗಿ ಹೇಳುವ ಲೆಕ್ಕ ಹದಿನಾರಕ್ಕೆ ಒಂದು. ಸತು ತಂಟೆಯ ಲೋಹ. ಅದಿರಿನಿಂದ ಬಿಡಿಸಲು ಸಾವಿರ ಡಿಗ್ರಿ ಮೀರಿದ ಉರಿ ಬೇಕು. ಸತುವಾದರೋ 907 ಡಿಗ್ರಿಗೇ ಕುದಿದು ಆವಿಯಾಗಿ ಹೋಗುತ್ತದೆ. ಆ ಆವಿಯನ್ನು ಹಿಡಿದು ತಂಪಾಗಿಸಿ ಲೋಹ ಮಾಡುವ ವಿದ್ಯೆ ದೊಡ್ಡ ಪ್ರಮಾಣದಲ್ಲಿ ಸಿದ್ಧಿಸಿದ್ದು ರಾಜಸ್ಥಾನದ ಉದಯಪುರದ ಬಳಿಯ ಜಾವರ್ ಗಣಿಗಳಲ್ಲಿ. ಅಲ್ಲಿ ಸಾಲುಸಾಲಾಗಿ ಸಿಕ್ಕಿರುವ ಮಣ್ಣಿನ ಮೂಸೆಗಳೇ ಅದಕ್ಕೆ ಪುರಾವೆ. ಇರಾನಿನ ಕೆರ್ಮಾನ್ ಸೀಮೆಯಲ್ಲಿ ತುತಿಯಾ ತಯಾರಾಗುತ್ತಿದ್ದುದನ್ನು ಮಾರ್ಕೊ ಪೋಲೊ ಬರೆದಿದ್ದಾನೆ. ಆದರೆ ಅದು ಸತುವಿನ ಭಸ್ಮ, ಕಣ್ಣಿನ ಔಷಧಕ್ಕೆ ಬಳಸುವ ಪುಡಿ. ಎರಕ ಹೊಯ್ಯುವ ಸತುವಲ್ಲ. ಅಬ್ದುಲ್ಲಾ ಇರಾನಿನಿಂದ ತಂದಿರಬಹುದಾದದ್ದು ಏನು ಎಂಬ ಪ್ರಶ್ನೆಗೆ ಇಲ್ಲಿ ಅರ್ಧ ಉತ್ತರ ಸಿಕ್ಕಿತು. ಬಿದರಿಯ ಒಡಲಂತೂ ಅಲ್ಲಿಂದ ಬಂದದ್ದಲ್ಲ.

ಹಾಗೆಂದು ಇರಾನಿನ ನಂಟನ್ನೇ ತಳ್ಳಿಹಾಕುವವರ ಜೊತೆ ನಾನಿಲ್ಲ. ಕಂಚು, ಹಿತ್ತಾಳೆಯ ಮೇಲೆ ಗೆರೆ ಕೊರೆದು ಬೆಳ್ಳಿ ಕೂರಿಸುವ ಕೆಲಸ 13ನೇ ಶತಮಾನದ ಹೊತ್ತಿಗೆ ಇರಾಕಿನ ಮೊಸೂಲ್, ಇರಾನಿನ ಖುರಾಸಾನ್‌ಗಳಲ್ಲಿ ಶಿಖರ ಮುಟ್ಟಿತ್ತು. ಅಹಮದ್ ಷಾ ಕೆರ್ಮಾನಿನ ಸೂಫಿ ಷಾ ನಿಯಾಮತುಲ್ಲಾರ ಮನೆತನವನ್ನು ಬೀದರಿಗೆ ಬರಮಾಡಿಕೊಂಡದ್ದು ಇತಿಹಾಸ. ಅಷ್ಟೂರಿಗೆ ಹೋಗುವ ದಾರಿಯಲ್ಲಿ ಎಡತಾಕುವ ಚೌಖಂಡಿ ಅವರ ಮಗ ಖಲೀಲುಲ್ಲಾರ ಸಮಾಧಿ. ಬಹಮನಿ ಮಂತ್ರಿ ಮಹಮೂದ್ ಗವಾನನೂ ಇರಾನಿನವನೇ. ಅವನು 1472ರಲ್ಲಿ ಕಟ್ಟಿಸಿದ ಮದರಸಾದ ಬಣ್ಣದ ಹೆಂಚುಗಳನ್ನು ನೋಡಿದವರಿಗೆ ಬೇರೆ ಪುರಾವೆ ಬೇಡ. ಜನ ಬಂದಿದ್ದರು, ಅವರ ಜೊತೆ ಕಣ್ಣೂ ಕೈಯೂ ಬಂದಿದ್ದವು. ಆದರೆ ಬಿದರಿಯನ್ನು ಬಿದರಿಯಾಗಿಸುವುದು ಬೆಳ್ಳಿ ಕೂರಿಸುವುದಷ್ಟೇ ಅಲ್ಲ, ಆ ಕಪ್ಪು. ಕಾರ್ಗಪ್ಪಿನ ಮೇಲೆ ಬೆಳಕು ಕೂರಿಸುವ ಈ ಅಭಿರುಚಿಗೆ ಬೀದರಿನಲ್ಲೇ ಒಂದು ಹಳೆಯ ಸಾಕ್ಷಿಯಿದೆ: ಕೋಟೆಯೊಳಗಿನ ರಂಗೀನ್ ಮಹಲು. ಬಹಮನಿಗಳ ನಂತರ ಬೀದರನ್ನಾಳಿದ ಬರೀದ್ ಷಾಹಿ ದೊರೆ ಅಲಿ ಬರೀದನ ಕಾಲದಲ್ಲಿ (1542–80) ರೂಪ ಪಡೆದ ಆ ಕೋಣೆಗಳಲ್ಲಿ ಕಪ್ಪು ಕಲ್ಲನ್ನು ಕೊರೆದು ಮುತ್ತಿನ ಚಿಪ್ಪನ್ನು ಕೂರಿಸಿದ್ದಾರೆ. ಅದು ಲೋಹವಲ್ಲ, ಬಿದರಿಯೂ ಅಲ್ಲ. ಆದರೂ ಬಿದರಿಯ ಹುಟ್ಟನ್ನು ಊಹಿಸಬೇಕಾದರೆ ಹೆಸರಷ್ಟೇ ಉಳಿದಿರುವ ಅಬ್ದುಲ್ಲಾನಿಗಿಂತ ಈ ಗೋಡೆಯೇ ನನಗೆ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ಇನ್ನೂ ಒಂದು ವಿಷಯ ನಮ್ಮ ಗಮನಕ್ಕೆ ಬೀಳುತ್ತಲೇ ಇಲ್ಲ. ಬರೀದ್ ಷಾಹಿಗಳ ರಾಜ್ಯವನ್ನು ಬಿಜಾಪುರ ನುಂಗಿದ್ದು 1619ರಲ್ಲಿ. ಔರಂಗಜೇಬ ಕೋಟೆ ಹಿಡಿದದ್ದು 1657ರಲ್ಲಿ. ಆಮೇಲೆ ನಿಜಾಮರ ಕಾಲ, ಬೀದರು ಹೈದರಾಬಾದಿನ ಕೆಳಗಿನ ಒಂದು ಊರು. ಉಳಿದಿರುವ ಬಿದರಿಯ ಅತ್ಯುತ್ತಮ ಮಾದರಿಗಳೆಲ್ಲ ಈ ಅವಧಿಗೆ ಸೇರುತ್ತವೆ, ಅಂದರೆ ಬೀದರಿನಲ್ಲಿ ಸಿಂಹಾಸನವೇ ಇಲ್ಲದ ಅಥವಾ ಇಲ್ಲವಾಗುತ್ತಿದ್ದ ಕಾಲಕ್ಕೆ. ಕಲೆಯನ್ನು ಸುಲ್ತಾನರ ಔದಾರ್ಯಕ್ಕೆ ಕಟ್ಟಿಹಾಕುವ ಕತೆ ಈ ಕೆಲಸಗಾರರ ಪಾಲನ್ನು ಕಸಿದುಕೊಂಡಿದೆ. ರಾಜರು ಹೋದ ಮೇಲೂ ಸತು ತರಿಸಿ, ಗಿರಾಕಿ ಹುಡುಕಿ, ಮಕ್ಕಳಿಗೆ ಉಳಿ ಹಿಡಿಯಲು ಕಲಿಸಿದವರು ಅವರು.

ಮೂಲದ ಜಗಳ ಬೇರೆ ಕಡೆ ಹೇಗೆ ನಡೆಯುತ್ತದೆ ನೋಡಿ. 2025ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ತನಗೆ ಬಂದ ನೂರಾರು ಗಿಟಾರುಗಳ ಕೊಡುಗೆಯನ್ನು ಪ್ರಕಟಿಸಿದಾಗ, ಅದರಲ್ಲಿದ್ದ 1959ರ ಗಿಬ್ಸನ್ ಲೆಸ್ ಪಾಲ್ ಒಂದರ ಮೇಲೆ ರೋಲಿಂಗ್ ಸ್ಟೋನ್ಸ್ ತಂಡದ ಹಳೆಯ ಗಿಟಾರ್ ವಾದಕ ಮಿಕ್ ಟೇಲರ್ ಕಡೆಯವರು ಹಕ್ಕು ಹೇಳಿದರು. 1971ರಲ್ಲಿ ಫ್ರಾನ್ಸಿನ ಮನೆಯೊಂದರಿಂದ ಕಳುವಾದದ್ದು ಅದೇ ಎಂಬುದು ಅವರ ವಾದ. ವಾದ್ಯ ಕೈಬದಲಾದ ದಾಖಲೆಯಲ್ಲಿ ಟೇಲರ್ ಹೆಸರೇ ಇಲ್ಲ ಎಂಬುದು ಮ್ಯೂಸಿಯಂನ ಉತ್ತರ. ಕೆನಡಾದ ಸಂಗೀತಗಾರ ರ‍್ಯಾಂಡಿ ಬಾಕ್‌ಮನ್ 1976ರಲ್ಲಿ ಕಳೆದುಕೊಂಡ ಗ್ರೆಚ್ ಗಿಟಾರನ್ನು, ಅದರ ಮರದ ಎಳೆಗಳನ್ನು ಹಳೆಯ ಚಿತ್ರಗಳೊಂದಿಗೆ ಹೋಲಿಸಿಯೇ ಒಬ್ಬರು ಜಪಾನಿನಲ್ಲಿ ಪತ್ತೆ ಹಚ್ಚಿದರು. 2022ರಲ್ಲಿ ಟೋಕಿಯೊದಲ್ಲಿ ಅದು ಅವರ ಕೈಗೆ ಬಂತು. ಅರವತ್ತು ಎಪ್ಪತ್ತು ವರ್ಷದ ವಾದ್ಯಕ್ಕೆ ಕ್ರಮಸಂಖ್ಯೆ, ಫೋಟೊ, ಮರದ ಎಳೆ ಇಷ್ಟೆಲ್ಲ ಇದ್ದೂ ವಾದ ನಿಲ್ಲುವುದಿಲ್ಲ. ಮುನ್ನೂರು ವರ್ಷದ ಬಿದರಿ ಸುರಾಹಿಗೆ ಇವು ಯಾವುದೂ ಇಲ್ಲ. ಸಹಿ, ತಾರೀಖು ಇರುವ ಹಳೆಯ ಬಿದರಿ ತೀರಾ ವಿರಳ. ಮಣ್ಣಿನ ಅಚ್ಚನ್ನು ಎರಕ ಹೊಯ್ದ ಮೇಲೆ ಒಡೆದುಬಿಡುವುದರಿಂದ ಅಚ್ಚೂ ಉಳಿಯುವುದಿಲ್ಲ.

ಇಂಥ ಪಾತ್ರೆಗೆ ಊರಿನ ಚೀಟಿ ಅಂಟಿಸುವವರು ಎಚ್ಚರದಿಂದಿರಬೇಕು. ಈ ಕೆಲಸ ಹೈದರಾಬಾದಿನಲ್ಲಿ, ಲಖನೌದಲ್ಲಿ, ಬಂಗಾಳದ ಮುರ್ಷಿದಾಬಾದಿನಲ್ಲಿ, ಬಿಹಾರದ ಪೂರ್ಣಿಯಾದಲ್ಲಿ ನಡೆದಿದೆ. ಎಲ್ಲದರ ಹೆಸರೂ ಬಿದರಿಯೇ. ಬೆಳ್ಳಿ ತಂತಿ ಕೂರಿಸುವ ತಾರ್‌ಕಶಿ, ತಗಡು ಕೂರಿಸಿ ಸಮತಟ್ಟು ಮಾಡುವ ತೆಹನಿಶಾನ್, ಬೆಳ್ಳಿಯನ್ನು ಮೇಲೆ ಉಬ್ಬಿಸುವ ಜರ್‌ಬುಲಂದ್ ಇವುಗಳಲ್ಲಿ ಕೊನೆಯದು ಲಖನೌದ ಒಲವು. ಆದರೆ ಒಲವು ಸುಳಿವು ಮಾತ್ರ. ಕುಶಲಕರ್ಮಿಗಳು ಊರೂರು ತಿರುಗಿದ್ದಾರೆ, ನಮೂನೆಗಳೂ ತಿರುಗಿವೆ. ಭಾಲ್ಕಿ ಕಡೆಯ ಹಳೆಯ ವಾಡೆಯಲ್ಲಿ ಅಜ್ಜಿಯ ಪಾನ್‌ದಾನ್ ಸಿಕ್ಕರೆ ಅದು ಬೀದರಿನದೇ ಇರಬಹುದು, ನಿಜಾಮರ ಕಾಲದಲ್ಲಿ ಹೈದರಾಬಾದಿನ ಪೇಟೆಯಿಂದ ಬಂದದ್ದೂ ಇರಬಹುದು. 1956ರವರೆಗೆ ಬೀದರೂ ಹೈದರಾಬಾದೂ ಒಂದೇ ರಾಜ್ಯದಲ್ಲಿದ್ದವು. ಇಂದು ಬಿದರಿಯ ಒಂದು ದೊಡ್ಡ ಸಂಗ್ರಹ ಸಾಲಾರ್ ಜಂಗ್ ಮ್ಯೂಸಿಯಂನಲ್ಲಿ ಇರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಪಾತ್ರೆಯನ್ನು ಕಪ್ಪಾಗಿಸಲು ಬಳಸುವ ಕೋಟೆಯ ಮಣ್ಣೇ ಬೀದರಿನ ಸಹಿ ಎಂಬ ಮಾತನ್ನೂ ಪರೀಕ್ಷಿಸಬೇಕು. ಬಿಸಿಲು ಮಳೆ ಕಾಣದ ಹಳೆಯ ಗೋಡೆಗಳ ಬುಡದ ಮಣ್ಣನ್ನು ನಾಲಿಗೆಗೆ ಹಚ್ಚಿ ರುಚಿ ನೋಡಿ ಆರಿಸುವ ಕುಶಲಕರ್ಮಿಗಳ ಜ್ಞಾನ ನಿಜವಾದದ್ದು. ಆ ಮಣ್ಣಿನಲ್ಲಿ ಪೆಟ್ಲುಪ್ಪಿನ ಅಂಶವಿದೆ. ಅದಕ್ಕೆ ನವಸಾಗರ ಬೆರೆಸಿ ಕುದಿಸಿದ ನೀರಿಗೆ ಪಾತ್ರೆ ಅದ್ದಿದರೆ ಸತುವಿನ ಮೈ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಆದರೆ ಪೆಟ್ಲುಪ್ಪು, ನವಸಾಗರ ಬೇರೆ ಊರಲ್ಲೂ ಸಿಗುತ್ತವೆ, ಪೂರ್ಣಿಯಾದವರು ಬೀದರಿನ ಮಣ್ಣಿಗೆ ಕಾದು ಕೂರಲಿಲ್ಲ. ಹೀಗಿರುವಾಗ ಕಪ್ಪು ಬಣ್ಣವೊಂದೇ ಯಾವ ಪಾತ್ರೆಯ ಊರನ್ನೂ ಹೇಳಲಾರದು. ಮಣ್ಣಿನ ಮಹಿಮೆಯನ್ನಷ್ಟೇ ಹಾಡಿದರೆ, ಯಾವ ಗೋಡೆಯ ಬುಡದ್ದು, ಎಷ್ಟು ಹೊತ್ತು, ಎಷ್ಟು ಬಿಸಿ ಎಂದು ತಿಳಿದ ಮನುಷ್ಯನ ಲೆಕ್ಕ ಬಿಟ್ಟುಹೋಗುತ್ತದೆ.

ಬಿದರಿಗೆ ಭೌಗೋಳಿಕ ಗುರುತಿನ ಮಾನ್ಯತೆ 2006ರ ಹೊತ್ತಿಗೆ ಸಿಕ್ಕಿತು. ಅದು ಊರಿಗೆ ಸಿಕ್ಕ ರಕ್ಷಣೆ, ಬೇಕಾಗಿತ್ತು. 2023ರಲ್ಲಿ ಬೀದರಿನ ಷಾ ರಶೀದ್ ಅಹಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ, ಕತೆಯ ಅಬ್ದುಲ್ಲಾನನ್ನು ಬಿಟ್ಟು ಬದುಕಿರುವ ಒಬ್ಬ ಕುಶಲಕರ್ಮಿಯ ಹೆಸರನ್ನು ದೇಶ ಕೇಳಿತು. ನಾನು ಬಯಸುವುದು ಇದರ ಮುಂದಿನ ಹೆಜ್ಜೆ. ಮ್ಯೂಸಿಯಂಗಳು ‘ದಖ್ಖನ್, ಬಹುಶಃ ಬೀದರ್, 17ನೇ ಶತಮಾನ’ ಎಂದು ಬರೆಯಲಿ, ಆ ‘ಬಹುಶಃ’ದಿಂದ ನಮಗೆ ಅವಮಾನವಿಲ್ಲ. ಅಂಗಡಿಗಳು ಬಹಮನಿ ಹೆಸರಿನ ಬದಲು ಇಂದು ಮಾಡಿದವರ ಹೆಸರು, ಮಾಡಿದ ವರ್ಷವನ್ನು ಪಾತ್ರೆಯ ತಳದಲ್ಲಿ ಕೆತ್ತಿಸಲಿ. ಇಲ್ಲಿ ಒಂದು ತೊಡಕಿದೆ. ಎರಕ ಹೊಯ್ಯುವವರು ಒಬ್ಬರು, ಅರದಿಂದ ಉಜ್ಜಿ ನುಣುಪು ಮಾಡುವವರು ಇನ್ನೊಬ್ಬರು, ಮೈಲುತುತ್ತ ಬಳಿದ ಮೈಮೇಲೆ ಉಳಿಯಿಂದ ಬಳ್ಳಿ ಬಿಡಿಸುವವರು ಬೇರೆ, ಬೆಳ್ಳಿ ಕೂರಿಸುವವರು ಬೇರೆ. ಕಾರ್ಖಾನೆಯ ಯಜಮಾನನ ಹೆಸರೊಂದನ್ನೇ ಕೆತ್ತಿಸಿದರೆ ಇನ್ನೊಬ್ಬ ಅಬ್ದುಲ್ಲಾನನ್ನು ಹುಟ್ಟಿಸಿದ ಹಾಗಾಗುತ್ತದೆ. ನಾಲ್ಕು ಹೆಸರಿಗೂ ತಳದಲ್ಲಿ ಜಾಗವಿದೆ.