ತಾಯಿಯ ಕಡೆಯಿಂದ ಹೇಳಿದ ನಾಯಕನ ಕಥೆ

1875ರ ಜೂನ್ 2ರಂದು ಕಮಾಂಚಿ ಬುಡಕಟ್ಟಿನ ಕ್ವಹಾಡಿ ಪಂಗಡದ ಸುಮಾರು 400 ಮಂದಿ ಫೋರ್ಟ್ ಸಿಲ್ ಎಂಬ ಸೇನಾ ಠಾಣೆಗೆ ಬಂದು ಶರಣಾದರು. ಈಗ ಒಕ್ಲಹೋಮ ರಾಜ್ಯದಲ್ಲಿರುವ ಜಾಗ ಅದು. ದಕ್ಷಿಣದ ಹುಲ್ಲುಗಾವಲುಗಳಲ್ಲಿ ಅಮೆರಿಕದ ಸೇನೆಗೆ ತಲೆಬಾಗದೆ ಉಳಿದಿದ್ದ ಕೊನೆಯ ದೊಡ್ಡ ಗುಂಪು ಇವರದು. ಗುಂಪಿನಲ್ಲಿದ್ದ ಯೋಧ ಕ್ವಾನಾನಿಗೆ ಆಗ ಮೂವತ್ತರ ಆಸುಪಾಸು. ಅವನು ತೀರಿಕೊಂಡದ್ದು 1911ರ ಫೆಬ್ರುವರಿ 23ರಂದು. ಆಯುಧ ಕೆಳಗಿಟ್ಟ ಮೇಲೂ ಮೂವತ್ತೈದು ವರ್ಷಕ್ಕೂ ಹೆಚ್ಚು ಕಾಲ ಬಾಳಿದ. ಕಮಾಂಚಿಗಳ ನಾಯಕ ಎಂದು ಅವನು ಹೆಸರಾದದ್ದು ಆ ಅವಧಿಯಲ್ಲೇ.

ಎಸ್. ಸಿ. ಗ್ವಿನ್ ಅವರ ‘ಎಂಪೈರ್ ಆಫ್ ದಿ ಸಮ್ಮರ್ ಮೂನ್’ ಓದುವಾಗ ಈ ಕಾಲದ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. 2010ರಲ್ಲಿ ಬಂದ ಈ ಪುಸ್ತಕ ಪುಲಿಟ್ಜರ್ ಪ್ರಶಸ್ತಿಯ ಅಂತಿಮ ಸುತ್ತಿಗೆ ಹೋಗಿತ್ತು. ಕ್ವಾನಾ ಪಾರ್ಕರ್ ಬಗ್ಗೆ ಇಂದು ಹೊರಗಿನವರಿಗೆ ತಿಳಿದಿರುವುದರಲ್ಲಿ ಬಹುಪಾಲು ಬಂದಿರುವುದು ಇದರಿಂದಲೇ. ಅಮೆರಿಕದ ಮೂಲನಿವಾಸಿಗಳ ಬಗ್ಗೆ ಇಂಗ್ಲಿಷಿನಲ್ಲಿ ಓದಲು ಹೊರಟ ಕನ್ನಡಿಗರ ಕೈಗೂ ಇದು ಬೇಗನೆ ಸಿಗುತ್ತದೆ. ಹೀಗಾಗಿ ಇದು ಏನನ್ನು ಹೇಳುತ್ತದೆ, ಏನನ್ನು ಬಿಡುತ್ತದೆ ಎಂದು ನಿಧಾನವಾಗಿ ನೋಡುವುದು ಅಗತ್ಯ.

ಗ್ವಿನ್ ಪತ್ರಕರ್ತರು. ಕಥೆ ಹೇಳುವ ಕಸುಬು ಅವರಿಗೆ ಚೆನ್ನಾಗಿ ಒಲಿದಿದೆ. ಕಮಾಂಚಿಗಳ ಏಳುಬೀಳು ಒಂದು ಎಳೆ, ಪಾರ್ಕರ್ ಕುಟುಂಬದ ಕಥೆ ಇನ್ನೊಂದು ಎಳೆ; ಎರಡನ್ನೂ ಅಧ್ಯಾಯದಿಂದ ಅಧ್ಯಾಯಕ್ಕೆ ಹೆಣೆಯುತ್ತಾ ಹೋಗುತ್ತಾರೆ. ಯುದ್ಧದ ಒಳಮರ್ಮ ವಿವರಿಸುವಾಗಲಂತೂ ಅವರಿಗೆ ಸಾಟಿಯಿಲ್ಲ. ಟೆಕ್ಸಸ್‌ನ ವಸಾಹತುಗಾರರು ಒಂದೇ ಗುಂಡು ಹಾರಿಸುವ ಉದ್ದನೆಯ ಬಂದೂಕು ಹಿಡಿದು, ಕುದುರೆಯಿಂದ ಇಳಿದು, ನೆಲದ ಮೇಲೆ ನಿಂತು ಕಾದುತ್ತಿದ್ದರು. ಬಂದೂಕಿಗೆ ಮತ್ತೆ ಮದ್ದು ತುಂಬುವುದರೊಳಗೆ ಓಡುವ ಕುದುರೆಯ ಮೇಲಿನ ಕಮಾಂಚಿ ಯೋಧನ ಬಾಣಗಳು ಒಂದರ ಹಿಂದೆ ಒಂದು ಬಂದು ನಾಟುತ್ತಿದ್ದವು. ರೇಂಜರ್‌ಗಳೆಂಬ ಟೆಕ್ಸಸ್ ಗಡಿಕಾವಲು ಪಡೆಯ ನಾಯಕ ಜ್ಯಾಕ್ ಹೇಸ್ ಈ ಆಟವನ್ನು ತಿರುಗಿಸಿದ. ಐದು ಗುಂಡಿನ ಕೋಲ್ಟ್ ರಿವಾಲ್ವರ್ ಹಿಡಿದ ಅವನ ಪುಟ್ಟ ಪಡೆ 1844ರಲ್ಲಿ ವಾಕರ್ಸ್ ಕ್ರೀಕ್ ಬಳಿ ತನಗಿಂತ ಎಷ್ಟೋ ದೊಡ್ಡ ಕಮಾಂಚಿ ಗುಂಪನ್ನು ಹಿಮ್ಮೆಟ್ಟಿಸಿತು. ಯಾರೂ ಕೊಳ್ಳದೆ ಮೂಲೆಗೆ ಬಿದ್ದಿದ್ದ ಒಂದು ಆಯುಧ ಇಡೀ ಗಡಿನಾಡಿನ ಬಲಾಬಲವನ್ನು ಬದಲಿಸಿದ್ದನ್ನು ಗ್ವಿನ್ ಅವರಷ್ಟು ಸ್ಪಷ್ಟವಾಗಿ ಹೇಳಿದವರು ಕಡಿಮೆ.

ಪಾರ್ಕರ್ ಮನೆತನದ ಕಥೆ ಶುರುವಾಗುವುದು 1836ರ ಮೇ 19ರಂದು, ಟೆಕ್ಸಸ್‌ನ ನವಸೋಟಾ ನದಿಯ ಹತ್ತಿರದ ಒಂದು ಮರದ ಕೋಟೆಯಲ್ಲಿ. ಆ ದಿನ ನಡೆದ ದಾಳಿಯಲ್ಲಿ ಐವರು ಸತ್ತರು, ಐವರನ್ನು ದಾಳಿಕಾರರು ಎತ್ತಿಕೊಂಡು ಹೋದರು. ಸತ್ತವರಲ್ಲಿ ಸಿಂಥಿಯಾ ಆ್ಯನ್ ಪಾರ್ಕರ್ ಎಂಬ ಸುಮಾರು ಒಂಬತ್ತು ವರ್ಷದ ಹುಡುಗಿಯ ತಂದೆಯಿದ್ದ. ಒಯ್ದವರಲ್ಲಿ ಅವಳೂ ಇದ್ದಳು. ಆ ಹುಡುಗಿ ಕಮಾಂಚಿಯಾಗಿಯೇ ಬೆಳೆದಳು, ಪೀಟಾ ನೊಕೋನಾ ಎಂಬ ಯೋಧನನ್ನು ಮದುವೆಯಾದಳು, ಮೂರು ಮಕ್ಕಳ ತಾಯಿಯಾದಳು. ಹಿರಿಯವನು ಕ್ವಾನಾ. 1860ರ ಡಿಸೆಂಬರ್‌ನಲ್ಲಿ ಪೀಸ್ ನದಿಯ ದಂಡೆಯ ಬಿಡಾರದ ಮೇಲೆ ಸಲ್ ರಾಸ್ ನೇತೃತ್ವದ ರೇಂಜರ್‌ಗಳು ಎರಗಿ ಅವಳನ್ನೂ ಹಾಲು ಕುಡಿಯುವ ಕೂಸು ಟಾಪ್ಸಾನಾಳನ್ನೂ ಹಿಡಿದು ತಂದರು. ಬಿಳಿಯರ ಪತ್ರಿಕೆಗಳು ಇದನ್ನು ಬಿಡುಗಡೆ ಎಂದು ಕೊಂಡಾಡಿದವು. ಟೆಕ್ಸಸ್‌ನ ಶಾಸನಸಭೆ ಅವಳಿಗೆ ಜಮೀನನ್ನೂ ಐದು ವರ್ಷದ ಪಿಂಚಣಿಯನ್ನೂ ಮಂಜೂರು ಮಾಡಿತು. ಅವಳು ಮಾತ್ರ ಮತ್ತೆ ಮತ್ತೆ ಓಡಿಹೋಗಲು ನೋಡಿದಳು.

ಆ ದಿನಗಳ ಒಂದು ಫೋಟೊ ಉಳಿದಿದೆ. 1861ರದು. ಅಗಲವಾದ ಗಟ್ಟಿ ಮುಖ, ಕ್ಯಾಮೆರಾವನ್ನೇ ದಿಟ್ಟಿಸುವ ಕಣ್ಣು, ಎದೆಗೆ ಕಚ್ಚಿಕೊಂಡು ಹಾಲು ಕುಡಿಯುತ್ತಿರುವ ಮಗು. ಕೂದಲು ಕಿವಿಯ ಮಟ್ಟಕ್ಕೆ ಕತ್ತರಿಸಿದೆ. ಕಮಾಂಚಿ ಹೆಂಗಸರು ಸತ್ತವರಿಗಾಗಿ ಕೂದಲು ಕತ್ತರಿಸಿಕೊಳ್ಳುತ್ತಿದ್ದರು. ಮಗು ಕೆಲವೇ ವರ್ಷಗಳಲ್ಲಿ ತೀರಿಕೊಂಡಿತು. ತಾಯಿ 1870ರ ಸುಮಾರಿಗೆ. ಎಷ್ಟೋ ಕಾಲದ ಮೇಲೆ, ತನ್ನ ತಾಯಿಯ ಚಿತ್ರ ಯಾರಲ್ಲಾದರೂ ಇದೆಯೇ ಎಂದು ಕ್ವಾನಾ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟ. ಇದೇ ಫೋಟೊದ ಪ್ರತಿ ಅವನಿಗೆ ತಲುಪಿದ್ದು ಸಲ್ ರಾಸ್ ಕಡೆಯಿಂದ. ಅದನ್ನು ನೋಡಿ ಬರೆಸಿದ ದೊಡ್ಡ ಚಿತ್ರವನ್ನು ಅವನು ಮನೆಯ ಗೋಡೆಗೆ ಹಾಕಿಕೊಂಡಿದ್ದ. ಗ್ವಿನ್ ಅವರ ಬರವಣಿಗೆ ಸಿಂಥಿಯಾಳ ಸುತ್ತಲೇ ಅತ್ಯಂತ ಮೃದುವಾಗುತ್ತದೆ. ಎರಡು ಸಲ ಸೆರೆಯಾದ ಹೆಣ್ಣು, ಎರಡನೆಯ ಸೆರೆಯೇ ಅವಳನ್ನು ಮುಗಿಸಿತು ಎಂಬ ಅವರ ತೀರ್ಮಾನ ನ್ಯಾಯವಾದದ್ದು.

ಆದರೆ ಒಬ್ಬ ಮನುಷ್ಯನಿಗೆ ತಂದೆಯೂ ಇರುತ್ತಾನಲ್ಲ? ಪುಸ್ತಕದ ಮೊದಲ ದೊಡ್ಡ ಲೋಪ ಇಲ್ಲಿದೆ. ಪಾರ್ಕರ್ ಕಡೆಯ ಅಜ್ಜ, ಚಿಕ್ಕಪ್ಪಂದಿರು, ಅವರು ಯಾವ ಪಂಥದ ಬ್ಯಾಪ್ಟಿಸ್ಟರು, ಎಲ್ಲಿಂದ ವಲಸೆ ಬಂದರು ಎಂಬುದೆಲ್ಲ ವಿಸ್ತಾರವಾಗಿ ಬರುತ್ತದೆ. ಪೀಟಾ ನೊಕೋನಾ ಮಾತ್ರ ನೆರಳಿನಂತೆ ಬಂದು ಹೋಗುತ್ತಾನೆ. ಅವನ ಸಾವಿನ ವಿಚಾರವನ್ನೇ ನೋಡಿ. ಪೀಸ್ ನದಿಯ ಕಾಳಗದಲ್ಲಿ ಅವನನ್ನು ಕೊಂದೆನೆಂದು ಸಲ್ ರಾಸ್ ಹೇಳಿಕೊಂಡ. ಮುಂದೆ ಆ ಕೀರ್ತಿಯನ್ನೂ ಬೆನ್ನಿಗಿಟ್ಟುಕೊಂಡು ಟೆಕ್ಸಸ್‌ನ ಗವರ್ನರ್ ಆದ. ತನ್ನ ತಂದೆ ಅಲ್ಲಿ ಸಾಯಲಿಲ್ಲ, ಆಮೇಲೂ ಬದುಕಿದ್ದ ಎಂದು ಕ್ವಾನಾ ಕೊನೆಯವರೆಗೂ ಹೇಳುತ್ತಲೇ ಬಂದ. ಗ್ವಿನ್ ವಾಲುವುದು ರಾಸ್‌ನ ಕಡೆಗೆ. ಅದೇ 2010ರಲ್ಲಿ ಪಾಲ್ ಕಾರ್ಲ್‌ಸನ್ ಮತ್ತು ಟಾಮ್ ಕ್ರಮ್ ಎಂಬ ಇಬ್ಬರು ಸಂಶೋಧಕರು ಪೀಸ್ ನದಿಯ ಬಗ್ಗೆಯೇ ಒಂದು ಪುಸ್ತಕ ಪ್ರಕಟಿಸಿದರು. ರಾಸ್ ಬೇರೆ ಬೇರೆ ಕಾಲದಲ್ಲಿ ಕೊಟ್ಟ ಹೇಳಿಕೆಗಳು ಒಂದಕ್ಕೊಂದು ಹೊಂದುವುದಿಲ್ಲ, ಬಿಡಾರದಲ್ಲಿ ಹೆಚ್ಚಾಗಿ ಇದ್ದದ್ದು ಹೆಂಗಸರು ಮತ್ತು ಮಕ್ಕಳು, ಅದನ್ನು ಕಾಳಗ ಎನ್ನುವುದೇ ತಪ್ಪು ಎಂದು ಅವರು ದಾಖಲೆ ಇಟ್ಟು ವಾದಿಸಿದರು. ಮಗನ ಮಾತನ್ನು ಪಿತೃಪ್ರೇಮವೆಂದು ತಳ್ಳಿ, ರಾಜಕಾರಣಿಯ ಮಾತನ್ನು ಸಾಕ್ಷ್ಯವೆಂದು ಹಿಡಿಯುವುದು ಇತಿಹಾಸಕಾರನಿಗೆ ತಕ್ಕ ಕೆಲಸವಲ್ಲ.

ಎರಡನೆಯ ಲೋಪ ಇನ್ನೂ ಆಳದ್ದು. ಕಮಾಂಚಿಗಳನ್ನು ವರ್ಣಿಸುವಾಗ ಗ್ವಿನ್ ಶಿಲಾಯುಗದವರು, ಆದಿಮರು, ಅನಾಗರಿಕರು ಎಂಬ ಬಗೆಯ ಮಾತುಗಳನ್ನು ಸಂಕೋಚವಿಲ್ಲದೆ ಬಳಸುತ್ತಾರೆ. ಇದನ್ನು ಮೂಲನಿವಾಸಿ ಬರಹಗಾರರು ಕಟುವಾಗಿಯೇ ಖಂಡಿಸಿದ್ದಾರೆ. ಮಾತಿನ ಒರಟುತನಕ್ಕಿಂತ ಹೆಚ್ಚಾಗಿ ಅದರ ಹಿಂದಿನ ತಪ್ಪು ತಿಳಿವಳಿಕೆ ಕಾಡುತ್ತದೆ. ಎರಡು ವರ್ಷ ಮೊದಲೇ, 2008ರಲ್ಲಿ, ಪೆಕ್ಕಾ ಹ್ಯಾಮಲೈನನ್ ಅವರ ‘ದಿ ಕಮಾಂಚಿ ಎಂಪೈರ್’ ಬಂದಿತ್ತು. ಕುದುರೆ ಮತ್ತು ಕಾಡೆಮ್ಮೆ ಚರ್ಮದ ವ್ಯಾಪಾರ, ನ್ಯೂ ಮೆಕ್ಸಿಕೋದ ಸ್ಪ್ಯಾನಿಷರೊಡನೆ ಸಂಧಿ, ಮೆಕ್ಸಿಕೋದ ಒಳನಾಡಿನವರೆಗೆ ದಾಳಿ, ನೆರೆಹೊರೆಯ ಬುಡಕಟ್ಟುಗಳಿಂದ ಕಪ್ಪ: ಒಂದು ಶತಮಾನಕ್ಕೂ ಹೆಚ್ಚು ಕಾಲ ಕಮಾಂಚಿಗಳು ಲೆಕ್ಕಾಚಾರದಿಂದ ನಡೆಸಿದ ರಾಜಕಾರಣವನ್ನು ಅವರು ತೆರೆದಿಟ್ಟರು. ಸೆರೆ ಹಿಡಿದವರನ್ನು ಒತ್ತೆಹಣಕ್ಕೆ ಬಿಟ್ಟುಕೊಡುವುದು, ದುಡಿಸಿಕೊಳ್ಳುವುದು, ಕೆಲವರನ್ನು ಮನೆಯ ಮಕ್ಕಳಾಗಿ ಸೇರಿಸಿಕೊಳ್ಳುವುದು ಈ ವ್ಯವಸ್ಥೆಯ ಭಾಗವೇ ಆಗಿತ್ತು. ಮೆಕ್ಸಿಕನ್ ಮೂಲದ ಎಷ್ಟೋ ಮಂದಿ ಹೀಗೆ ಕಮಾಂಚಿಗಳಾದರು. ಆ ಬೆಳಕಿನಲ್ಲಿ ನೋಡಿದರೆ ಕ್ವಾನಾನ ಹುಟ್ಟು ಕಮಾಂಚಿಗಳ ಕಣ್ಣಿಗೆ ಅಂಥ ಅಪರೂಪವಲ್ಲ. ತಾಯಿ ಹೊರಗಿನಿಂದ ಬಂದವಳಾದ ಮನೆಗಳು ಅವರಲ್ಲಿ ಬೇಕಾದಷ್ಟಿದ್ದವು. ಅದನ್ನು ವಿಸ್ಮಯವೆಂದು ಕಂಡದ್ದು ಬಿಳಿಯರ ಟೆಕ್ಸಸ್. ಪುಸ್ತಕವೂ ಆ ವಿಸ್ಮಯದ ಮೇಲೆಯೇ ನಿಂತಿದೆ.

ಕಮಾಂಚಿಗಳ ಮಾತು ದಾಖಲಾಗಿಲ್ಲ, ಹೀಗಾಗಿ ಬಿಳಿಯರ ಕಾಗದಪತ್ರಗಳೇ ಗತಿ ಎಂದು ಯಾರಾದರೂ ವಾದಿಸಬಹುದು. ಅದು ನಿಲ್ಲದು. 1933ರಲ್ಲಿ ಮಾನವಶಾಸ್ತ್ರದ ವಿದ್ಯಾರ್ಥಿಗಳ ಒಂದು ತಂಡ ಒಕ್ಲಹೋಮಕ್ಕೆ ಹೋಗಿ, ಮೀಸಲುಪ್ರದೇಶಕ್ಕೂ ಹಿಂದಿನ ಕಾಲವನ್ನು ಕಂಡಿದ್ದ ಮುದುಕ ಮುದುಕಿಯರನ್ನು ಕೂರಿಸಿಕೊಂಡು ಟಿಪ್ಪಣಿ ಬರೆದುಕೊಂಡಿತ್ತು. ಆ ಟಿಪ್ಪಣಿಗಳನ್ನು ಥಾಮಸ್ ಕವನಾ ಸಂಪಾದಿಸಿ 2008ರಲ್ಲೇ ಪ್ರಕಟಿಸಿದ್ದರು.

ಗ್ವಿನ್ ಬಿಳಿಯರ ಕ್ರೌರ್ಯವನ್ನು ಮುಚ್ಚಿಡುವವರಲ್ಲ ಎಂಬುದನ್ನೂ ಹೇಳಬೇಕು. 1840ರ ಮಾರ್ಚ್‌ನಲ್ಲಿ ಸಂಧಾನಕ್ಕೆಂದು ಸ್ಯಾನ್ ಆ್ಯಂಟೋನಿಯೋಗೆ ಬಂದ ಕಮಾಂಚಿ ಮುಖಂಡರನ್ನು ಕೊಂದದ್ದನ್ನು ಅವರು ನೇರವಾಗಿ ಹೇಳುತ್ತಾರೆ. 1874ರ ಸೆಪ್ಟೆಂಬರ್ 28ರಂದು ಅಮೆರಿಕದ ಸೇನೆಯ ಕರ್ನಲ್ ಮೆಕೆಂಜಿಯ ಸೈನಿಕರು ಕಮಾಂಚಿ ಮತ್ತಿತರರು ಬಿಡಾರ ಹೂಡಿದ್ದ ಟೆಕ್ಸಸ್‌ನ ಪಾಲೊ ಡ್ಯೂರೊ ಕಣಿವೆಗೆ ಇಳಿದದ್ದು ಪುಸ್ತಕದ ಅತ್ಯುತ್ತಮ ಪುಟಗಳಲ್ಲಿ ಒಂದು. ಆ ದಿನ ಸತ್ತ ಮನುಷ್ಯರು ಕೆಲವೇ ಮಂದಿ. ಸೈನಿಕರು ಚಳಿಗಾಲಕ್ಕೆಂದು ಕೂಡಿಟ್ಟ ಆಹಾರ, ಗುಡಾರ, ಕಂಬಳಿಗಳನ್ನೆಲ್ಲ ಸುಟ್ಟು, ಹಿಡಿದ ಕುದುರೆಗಳಲ್ಲಿ ಸಾವಿರಕ್ಕೂ ಹೆಚ್ಚನ್ನು ಗುಂಡಿಟ್ಟು ಕೊಂದರು. ಕುದುರೆಯಿಲ್ಲದ ಕಮಾಂಚಿ ಬೇಟೆಯಾಡಲಾರ, ಓಡಲಾರ, ಕಾದಲಾರ. ಇತ್ತ ಚರ್ಮದ ವ್ಯಾಪಾರಿಗಳ ಬಂದೂಕಿಗೆ ಕಾಡೆಮ್ಮೆಯ ಹಿಂಡುಗಳು ಕರಗಿಹೋಗುತ್ತಿದ್ದವು. ಮರುವರ್ಷದ ಶರಣಾಗತಿಯ ಕಾರಣಗಳು ಇಲ್ಲೇ ಇವೆ.

ನಿಜವಾದ ಕ್ವಾನಾ ಕಾಣಿಸುವುದು ಅಲ್ಲಿಂದ ಮುಂದೆ. ಪುಸ್ತಕ ಅವಸರ ಮಾಡುವುದೂ ಅಲ್ಲೇ. ಕೊನೆಯ ಕೆಲವೇ ಅಧ್ಯಾಯಗಳಲ್ಲಿ ಮೂವತ್ತೈದು ವರ್ಷಗಳು ಓಡಿಹೋಗುತ್ತವೆ. ಇಡೀ ಕಮಾಂಚಿ ಜನಕ್ಕೆ ಒಬ್ಬನೇ ಮುಖ್ಯಸ್ಥ ಎಂಬ ಪದವಿ ಹಿಂದೆ ಇರಲೇ ಇಲ್ಲ. ಆಡಳಿತದ ಅನುಕೂಲಕ್ಕೆ ಸರ್ಕಾರಿ ಏಜೆಂಟರು ಹುಟ್ಟುಹಾಕಿದ ಸ್ಥಾನ ಅದು. ಕ್ವಾನಾ ಅದನ್ನು ಹಿಡಿದು ತನಗೆ ಬೇಕಾದಂತೆ ಬಗ್ಗಿಸಿದ. ಟೆಕ್ಸಸ್‌ನ ಜಾನುವಾರು ಮಾಲೀಕರು ಮೀಸಲುಪ್ರದೇಶದ ಹುಲ್ಲಿಗೆ ಕದ್ದು ದನ ಬಿಡುತ್ತಿದ್ದಾಗ, ಹೇಗೂ ಮೇಯಿಸುತ್ತಾರೆ, ಬಾಡಿಗೆಯನ್ನಾದರೂ ಕೊಡಲಿ ಎಂದು ಗುತ್ತಿಗೆಗೆ ನಿಂತ. 1885ರ ಹೊತ್ತಿಗೆ ಎಕರೆಗೆ ವರ್ಷಕ್ಕೆ ಆರು ಸೆಂಟ್‌ನಂತೆ ಹಣ ಬರತೊಡಗಿತು. ಅದೇ ಮಾಲೀಕರು ಕ್ವಾನಾನಿಗೆ ಪ್ರತ್ಯೇಕವಾಗಿ ಸಂಬಳವನ್ನೂ ಕೊಡುತ್ತಿದ್ದರು. ಇಸಾಟೈ ಮೊದಲಾದ ಕಮಾಂಚಿ ಮುಖಂಡರು ಅವನ ವಿರುದ್ಧ ನಿಂತರು. ಆ ವಿರೋಧಿಗಳನ್ನು ಹಳೆಯ ಕಾಲಕ್ಕೆ ಅಂಟಿಕೊಂಡವರು ಎಂದು ಬದಿಗೆ ಸರಿಸಲಾಗದು. ತಮ್ಮ ನೆಲದ ಬಾಡಿಗೆಯ ಮಾತುಕತೆ ನಡೆಸುವವನು ಬಾಡಿಗೆದಾರನಿಂದಲೇ ಹಣ ಪಡೆಯಬಹುದೇ ಎಂಬ ಅವರ ಪ್ರಶ್ನೆ ಇಂದಿಗೂ ಸರಿಯಾದ ಪ್ರಶ್ನೆ.

1892ರಲ್ಲಿ ಜೆರೋಮ್ ಆಯೋಗ ಬಂತು. ತಲೆಗೆ 160 ಎಕರೆ ಹಂಚಿ, ಉಳಿದ ನೆಲವನ್ನೆಲ್ಲ ಇಪ್ಪತ್ತು ಲಕ್ಷ ಡಾಲರ್‌ಗೆ ಬರೆಸಿಕೊಳ್ಳುವುದು ಸರ್ಕಾರದ ಉದ್ದೇಶ. ಎಕರೆಗೆ ಎಷ್ಟು, ಯಾವಾಗ, ಯಾವ ಷರತ್ತಿನ ಮೇಲೆ ಎಂದು ಕ್ವಾನಾ ಆಯೋಗದವರನ್ನು ಪಟ್ಟುಹಿಡಿದು ಕೇಳಿದ. ಒಪ್ಪಂದಕ್ಕೆ ಕಾಂಗ್ರೆಸ್ಸಿನ ಮುದ್ರೆ ಬಿದ್ದದ್ದು 1900ರಲ್ಲಿ. ನಡುವಿನ ಎಂಟು ವರ್ಷಗಳಲ್ಲಿ ಕಮಾಂಚಿಗಳಿಗೆ ಹುಲ್ಲಿನ ಹಣವೂ ಉಸಿರಾಡುವ ಸಮಯವೂ ಸಿಕ್ಕಿತು. ಈ ವಿಳಂಬದಲ್ಲಿ ಕ್ವಾನಾನ ವಾಷಿಂಗ್ಟನ್ ಪ್ರಯಾಣಗಳಿಗೂ ಪಾಲಿತ್ತು.

ಹಲವು ಹೆಂಡತಿಯರಿರುವ ಕಾರಣಕ್ಕೆ ಮೀಸಲುಪ್ರದೇಶದ ನ್ಯಾಯಾಧೀಶ ಸ್ಥಾನವನ್ನು ಅವನಿಂದ ಕಿತ್ತುಕೊಂಡರು. ಮನೆ ಕಟ್ಟಲು ಸರ್ಕಾರದ ನೆರವೂ ಅದೇ ಕಾರಣಕ್ಕೆ ಸಿಗಲಿಲ್ಲ. ಆದರೂ ಹೆಂಡತಿಯರನ್ನು ಬಿಡಲಿಲ್ಲ, ಜಡೆಯನ್ನು ಕತ್ತರಿಸಲಿಲ್ಲ, ಪೆಯೋಟಿ ಎಂಬ ಕಳ್ಳಿಯನ್ನು ಪ್ರಸಾದವಾಗಿ ಸೇವಿಸುವ ಪೂಜೆಯನ್ನು ಬಿಡಲಿಲ್ಲ. ಒಕ್ಲಹೋಮ ರಾಜ್ಯವಾಗುವ ಕಾಲಕ್ಕೆ ಆ ಪೂಜೆಯನ್ನು ನಿಷೇಧಿಸಬಾರದೆಂದು ವಾದಿಸಿದ ಮುಂಚೂಣಿಯವರಲ್ಲಿ ಅವನೂ ಒಬ್ಬ. ಅವನು ಸತ್ತ ಏಳು ವರ್ಷಕ್ಕೆ, 1918ರಲ್ಲಿ, ಅದೇ ಆಚರಣೆ ನೇಟಿವ್ ಅಮೆರಿಕನ್ ಚರ್ಚ್ ಎಂಬ ಹೆಸರಿನಲ್ಲಿ ನೋಂದಣಿಯಾಯಿತು. ಯಾವುದೇ ಕಾಳಗಕ್ಕಿಂತ ದೊಡ್ಡ ಸಾಧನೆ ಇದು ಎನ್ನಲು ಹಿಂಜರಿಯಬೇಕಿಲ್ಲ. ಇಂಥದ್ದಕ್ಕೆ ಪುಸ್ತಕದಲ್ಲಿ ಸಿಗುವ ಜಾಗ, ಒಂದು ರಿವಾಲ್ವರ್‌ಗೆ ಸಿಕ್ಕ ಜಾಗಕ್ಕಿಂತ ಕಡಿಮೆ.

ವಂಶದ ಕಥೆಯೂ 1911ಕ್ಕೆ ನಿಲ್ಲುವುದಿಲ್ಲ. ಕ್ವಾನಾನಿಗೆ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು. ಒಬ್ಬ ಮಗ ವೈಟ್ ಪಾರ್ಕರ್ ಮೆಥಡಿಸ್ಟ್ ಪಾದ್ರಿಯಾದ. 1920ರಲ್ಲಿ ವಿಚಿಟಾ ಬೆಟ್ಟಗಳ ನಡುವೆ, ಸುಮಾರು 300 ಕಮಾಂಚಿ ಮತ್ತು ಕಯೋವಾ ಜನರನ್ನೇ ಪಾತ್ರಧಾರಿಗಳನ್ನಾಗಿ ಇಟ್ಟುಕೊಂಡು ತೆಗೆದ ‘ದಿ ಡಾಟರ್ ಆಫ್ ಡಾನ್’ ಎಂಬ ಮೂಕಿಚಿತ್ರಕ್ಕೆ ಅವನೇ ನಾಯಕನಟ. ಅವನ ಸಹೋದರಿ ವನಾಡಾ ಪಾರ್ಕರ್ ಕೂಡ ನಟಿಸಿದ್ದಳು. ದಶಕಗಳ ಕಾಲ ಕಳೆದುಹೋಗಿದ್ದ ಆ ಚಿತ್ರ ಈ ಶತಮಾನದಲ್ಲಿ ಮತ್ತೆ ಸಿಕ್ಕಿ, 2013ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿತು. ಸಿಂಥಿಯಾಳ ಸೆರೆಯ ಕಥೆಯ ನೆರಳಿರುವ, ಜಾನ್ ಫೋರ್ಡ್ 1956ರಲ್ಲಿ ಮಾಡಿದ ‘ದಿ ಸರ್ಚರ್ಸ್’ ಎಲ್ಲರಿಗೂ ಗೊತ್ತು. ಕ್ವಾನಾನ ಮಕ್ಕಳೇ ಕುದುರೆಯೇರಿದ ಚಿತ್ರ ಎಷ್ಟು ಜನಕ್ಕೆ ಗೊತ್ತು? ಕ್ವಾನಾ ಕಟ್ಟಿಸಿದ ಮನೆ, ಛಾವಣಿಯ ಮೇಲೆ ನಕ್ಷತ್ರಗಳನ್ನು ಬರೆಸಿದ್ದ ‘ಸ್ಟಾರ್ ಹೌಸ್’, ಒಕ್ಲಹೋಮದ ಕ್ಯಾಶ್ ಪಟ್ಟಣದಲ್ಲಿ ಶಿಥಿಲವಾಗಿ ನಿಂತಿದೆ.

ಗ್ವಿನ್ ಅವರ ಪುಸ್ತಕವನ್ನು ಓದಬಾರದೆಂದಲ್ಲ. ಟೆಕ್ಸಸ್ ಗಡಿಯ ಯುದ್ಧಗಳನ್ನು ತಿಳಿಯಲು ಅದು ಒಳ್ಳೆಯ ಪುಸ್ತಕ. ಕಮಾಂಚಿಗಳನ್ನು ತಿಳಿಯಲು ಸಾಲದು. ಕ್ವಾನಾನ ಜೀವನಚರಿತ್ರೆಯಾಗಿ ಅರ್ಧಕ್ಕೇ ನಿಂತದ್ದು. ಆ ಉಳಿದರ್ಧಕ್ಕೆ ವಿಲಿಯಂ ಹೇಗನ್ 1993ರಲ್ಲಿ ಬರೆದ ‘ಕ್ವಾನಾ ಪಾರ್ಕರ್, ಕಮಾಂಚಿ ಚೀಫ್’ ಎಂಬ ಪುಟ್ಟ ಪುಸ್ತಕವಿದೆ. ಅದರಲ್ಲಿ ಅಬ್ಬರವಿಲ್ಲ, ಗುತ್ತಿಗೆ, ಜಗಳ, ಅರ್ಜಿ, ಸಂಸಾರ ಎಲ್ಲವೂ ಇದೆ. ಕ್ವಾನಾನ ಬಗ್ಗೆ ಕನ್ನಡಕ್ಕೆ ಒಂದೇ ಪುಸ್ತಕ ಅನುವಾದಿಸುವ ಮನಸ್ಸು ಯಾರಿಗಾದರೂ ಬಂದರೆ, ಅದು ಹೇಗನ್ ಅವರದಾಗಲಿ.